ಕೆಂಪು ದಾರದ ಕ್ಯಾಸೆಟ್ಟು

ನಮ್ಮ ಮನೆಯಲ್ಲಿ ಇಬ್ಬರು ಉದ್ಧಾರವಾಗುವುದು ಸಾಧ್ಯವೇ ಇಲ್ಲವೆಂದು ತೀರ್ಪು ಕೊಟ್ಟವಳು ಲಕ್ಷ್ಮೇಶ್ವರದ ನಮ್ಮ ಸೋದರತ್ತೆ. ಅಪ್ಪನಿಗೆ ಅಕ್ಕ. ಬೆಟಗೇರಿಯ ನಮ್ಮ ಮನೆಗೆ ಬಂದರೆ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಶುರುಮಾಡುತ್ತಿದ್ದಳು.

"ತಮ್ಮಾ, ಗುಡಿ ಮುಂದ ಸನಾದಿ ಊದೂ ಮನಿತನ ನಮ್ದು. ಇಲ್ಲಿ ಡಿಗ್ರಿ ಎಲ್ಲಿಂದ ಬರತೈತಿ? ನಿನ್ನ ತಮ್ಮಗ ತಲಿ ಇಲ್ಲ, ನಿನ್ನ ಮಗಳಿಗೆ ನೆನಪಿಲ್ಲ. ಅಂವನ್ನ ಗುಡ್ಯಾಗ ಕುಂಡ್ರಸು, ಈಕಿನ್ನ ನನ್ನ ಮಗಗ ಕೊಡು. ಮುಗದ್ಹೋತು!"

ನೆನಪಿಲ್ಲದ ಮಗಳು ನಾನು. ತಲೆಯಿಲ್ಲದ ತಮ್ಮ ನನ್ನ ಕಾಕಾ. ನನ್ನ ಬಗ್ಗೆ ಅತ್ತೆ ಹೇಳಿದ್ದು ಖರೆ, ಅದನ್ನು ಒಪ್ಪಿಕೊಂಡುಬಿಡುತ್ತೇನೆ. ಆದರೆ ಕಾಕಾನಿಗೆ ತಲೆ ಇತ್ತು. ಒಳಗೆ ಸದಾ ಡಿಸ್ಕೋ ನಡೆಯುತ್ತಿದ್ದುದರಿಂದ ಬೇರೆಯವರ ಮಾತು ಕೇಳಿಸುತ್ತಿರಲಿಲ್ಲ, ಅಷ್ಟೆ!

ಅಪ್ಪ ಸನಾದಿ ಊದಿದರೆ ಪಕ್ಕದಲ್ಲಿ ಕೂತು ಸಂಬಾಳ ಬಾರಿಸುವುದು ಕಾಕಾನಿಗೆ ಹುಟ್ಟಿನಿಂದ ಬಂದ ಕೆಲಸ. ಕಾಕಾ ಅದನ್ನು ಬಿಟ್ಟು ಮೈಕ್ ಸೆಟ್ ಇಟ್ಟ. ಕಹಳೆಯಾಕಾರದ ನಾಲ್ಕು ಸ್ಪೀಕರು, ಒಂದು ಆಂಪ್ಲಿಫೈಯರು, ಎರಡು ಟೇಪ್ ರೆಕಾರ್ಡರು. ಮದುವೆ, ಸೀಮಂತ, ಜಾವಳ, ಯಾವುದಾದರೂ ಸರಿ, ಅಲ್ಲಿ ಮಂದಿ ಕುಣಿಯಬೇಕು. ಕುಣಿಯಲು ಹೊಸ ಹಾಡು ಬೇಕು. ಹೊಸ ಹಾಡು ಎಂದರೆ ಅವನ ಲೆಕ್ಕದಲ್ಲಿ ಹಳೆಯ ಹಾಡನ್ನು ಯಾರೂ ಗುರುತು ಹಿಡಿಯದಂತೆ ಮಾಡುವುದು.

ಅದನ್ನು ಮಾಡುವ ಕ್ರಮವನ್ನು ನೀವು ನೋಡಬೇಕಿತ್ತು. ಎರಡು ಟೇಪ್ ರೆಕಾರ್ಡರುಗಳನ್ನು ಕುಸ್ತಿಗೆ ಇಳಿದ ಪೈಲ್ವಾನರಂತೆ ಎದುರುಬದುರು ಕೂರಿಸುತ್ತಿದ್ದ. ಒಂದು ಹಾಡುತ್ತಿತ್ತು, ಇನ್ನೊಂದು ಕೇಳಿ ತುಂಬಿಕೊಳ್ಳುತ್ತಿತ್ತು. ಮುಂಬಯಿಯ ಡಿಸ್ಕೋ ಅರ್ಧ ಆಗುವಷ್ಟರಲ್ಲಿ ನಿಲ್ಲಿಸಿ, ಪಕ್ಕದ ಮನೆಯ ಮಗ್ಗದ ಖಟಕ್-ಖಟಕ್ ಸದ್ದನ್ನು ತುಂಬಿಸಿ, ಮತ್ತೆ ಡಿಸ್ಕೋ. ಮಗ್ಗ ನಡುವೆ ನಿಂತರೆ ಗೋಡೆಯ ಆಚೆಗೆ ಕೂಗುತ್ತಿದ್ದ: "ಮಾವಾರ, ತಾಳ ಯಾಕ ಬಿಟ್ರಿ?" ನೇಕಾರರು ಕೂಗಿ ಹೇಳುತ್ತಿದ್ದರು: "ನೂಲು ಹರದೈತೋ ಮಾರಾಯಾ! ನಿನ್ನ ಹಾಡಿಗೆ ಸೀರಿ ನೇಯಾಕ ಬರತೈತೇನ?"

ಈ ಕೆಲಸ ನಡೆಯುವಾಗ ಮನೆಯಲ್ಲಿ ಯಾರೂ ಉಸಿರಾಡುವಂತಿಲ್ಲ. ಒಮ್ಮೆ ಎಲ್ಲರೂ ಬಾಯಿ ಬಿಗಿಹಿಡಿದು ಕೂತಿದ್ದಾಗ ಅವ್ವ ಒಲೆ ನೋಡಿ, "ಏ, ಹಾಲು ಉಕ್ಕೇತಿ!" ಎಂದು ಚೀರಿದಳು. ಅದು ಡಿಸ್ಕೋದ ನಟ್ಟನಡುವೆ ಸೇರಿಹೋಯಿತು. ಆ ಕ್ಯಾಸೆಟ್ಟು ಶಿರಹಟ್ಟಿಯ ಮದುವೆಯೊಂದರಲ್ಲಿ ಎಷ್ಟು ಓಡಿತೆಂದರೆ, ಸರಿಯಾಗಿ ಆ ಜಾಗ ಬಂದಾಗ ಹುಡುಗರೆಲ್ಲ ಕೈ ಎತ್ತಿ "ಹಾಲು ಉಕ್ಕೇತಿ!" ಎಂದು ಕುಪ್ಪಳಿಸುತ್ತಿದ್ದರಂತೆ. ಮುಂದಿನ ಸಲ ಕಾಕಾ ಅದಿಲ್ಲದ ಶುದ್ಧ ಹಾಡು ಹಾಕಿದ. ಮಂದಿ ಜಗಳಕ್ಕೇ ಬಂದರು: "ನಕಲಿ ಮಾಲು ತಂದೀಯೇನಲೇ?"

ಅಪ್ಪ ಗುಡಿಯಲ್ಲಿ ಊದಿದ ಸನಾದಿಯನ್ನೂ ಅವನು ಬಿಡಲಿಲ್ಲ. ಕದ್ದು ತುಂಬಿಕೊಂಡು ಬಂದು ಅದರ ಕೆಳಗೆ ಡಿಸ್ಕೋ ಡ್ರಮ್ಮು ಕೂಡಿಸಿದ. ಕೇಳಿದ ಅಪ್ಪ ಎಂಟು ದಿನ ತಮ್ಮನ ಜೊತೆ ಮಾತು ಬಿಟ್ಟ. ಒಂಬತ್ತನೆಯ ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಒಂದೇ ಮಾತು ಹೇಳಿದ:

"ಎರಡನೇ ಸುತ್ತಿನಾಗ ತಾಳ ತಪ್ಪೇತಿ. ಸರಿ ಮಾಡು."

ಕಾಕಾ ಕ್ಯಾಸೆಟ್ಟು ಮಾರುತ್ತಿರಲಿಲ್ಲ. ಅದಕ್ಕೆ ಅವನದೊಂದು ಕಾಯಿದೆ. ಮದುವೆಯಲ್ಲಿ ನಮಗೆ ಉಡುಗೊರೆ ಮಾಡಿದವರ ಮನೆಯಲ್ಲಿ ಮದುವೆಯಾದಾಗ ನಾವೂ ಮಾಡಿ ಮುಯ್ಯಿ ತೀರಿಸುತ್ತೇವಲ್ಲ, ಕ್ಯಾಸೆಟ್ಟಿಗೂ ಅದೇ ಮುಯ್ಯಿ. ಅವನಿಂದ ಹೊಸ ಹಾಡು ಪಡೆದವರು ಇನ್ನೊಂದು ಹೊಸದನ್ನು ಕೊಟ್ಟೇ ತೀರಬೇಕು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಮೈಕಿನವರೆಲ್ಲ ಈ ಕಾಯಿದೆಗೆ ಒಳಪಟ್ಟವರು. ಮುಂಡರಗಿ ಬಸ್ಸಿನ ಡ್ರೈವರ್ ಮಾಮಾ ಇವರೆಲ್ಲರ ಅಂಚೆಯವನು. ಕಾಕಾನಿಗೆ ಬರೆಯುವುದೆಂದರೆ ಆಗದು. ಆದ್ದರಿಂದ ಕ್ಯಾಸೆಟ್ಟಿಗೆ ದಾರ ಕಟ್ಟುತ್ತಿದ್ದ. ಬಿಳಿ ದಾರವೆಂದರೆ ಭಜನೆ, ಹಸಿರು ಸೋಬಾನೆ, ಕೆಂಪು ಕುಣಿಯುವುದಕ್ಕೆ. ಹಾಗೆಂದು ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮುಂದೆ ಮಾನ ಹೋದದ್ದು!

ನಾನು ಗದುಗಿನ ಕಾಲೇಜಿಗೆ ಸೇರಿದೆ. ನಮ್ಮ ಮನೆತನದಲ್ಲಿ ಮ್ಯಾಟ್ರಿಕ್ ದಾಟಿದವಳೇ ನಾನೊಬ್ಬಳು. ಅಲ್ಲಿ ಸಿಕ್ಕ ಗೆಳತಿಯ ತಂದೆ ಕಚೇರಿಯಲ್ಲಿ ದೊಡ್ಡ ಸಾಹೇಬರು. "ನಿಮ್ಮ ಮನಿಯಾಗ ಏನ ಮಾಡ್ತಾರ?" ಎಂದು ಅವಳು ಕೇಳಿದರೆ, "ದೇವರ ಸೇವಾ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಸುಳ್ಳಲ್ಲವಲ್ಲ! ಆದರೆ ಕಾಲೇಜಿನ ಗ್ಯಾದರಿಂಗಿಗೆ ಮೈಕ್ ಸೆಟ್ ಹಾಕಲು ಬಂದವನು ಯಾರು? ಹೂವಿನ ಚಿತ್ತಾರದ ಅಂಗಿ, ಗಂಟೆಯಾಕಾರದ ಪ್ಯಾಂಟು, ಕೊರಳಲ್ಲಿ ವೈರಿನ ಸುರುಳಿ. ಕಂಬದ ತುದಿಗೆ ಹತ್ತಿ ಕಹಳೆ ಕಟ್ಟುತ್ತಿದ್ದ ಕಾಕಾ ನನ್ನನ್ನು ನೋಡಿದವನೇ ಬಾಯಿ ತುಂಬ ನಕ್ಕ. ನಾನು ವೇದಿಕೆಯ ಬದಿಗೆ ಸರಿದು ನಿಂತೆ. ಗೆಳತಿ ಹಿಂದೆಯೇ ಬಂದಳು.

"ಯಾರ ಅಂವಾ? ನಿನ್ನ ನೋಡಿ ನಗಾಕತ್ತಾನ?"

"ನನಗೇನ ಗೊತ್ತು? ಯಾರೋ ಮೈಕಿನಾಂವ ಇರಬೇಕು."

ಇಷ್ಟೇ ಹೇಳಿದ್ದು. ಆದರೆ ನಾವು ನಿಂತಿದ್ದು ಮೈಕಿನ ಪಕ್ಕದಲ್ಲಿ, ಮತ್ತು ಮೈಕ್ ಚಾಲೂ ಇತ್ತು! ನಾಲ್ಕು ದಿಕ್ಕಿನ ನಾಲ್ಕು ಕಹಳೆಗಳೂ ನನ್ನ ಮಾತನ್ನು ಮೈದಾನದ ತುಂಬ ಸಾರಿದವು. ಒಂದು ಕಹಳೆಯಂತೂ ಕಾಕಾನ ಕಿವಿಯ ಮಗ್ಗುಲಲ್ಲೇ ಇತ್ತು.

ಮೈದಾನದವರು ಹೋ ಎಂದು ನಕ್ಕರು. ಕಾಕಾ ಕಂಬದಿಂದ ಇಳಿದು ಬಂದು ನನ್ನ ಕಡೆ ನೋಡದೆ ಮೈಕ್ ಹಿಡಿದ. "ಹಲೋ, ಹಲೋ. ಸೌಂಡ್ ಚಲೋ ಐತ್ರಿ" ಎಂದ.

ಮನೆಗೆ ಹೋದಾಗ ಏನಾದರೂ ಅನ್ನುತ್ತಾನೆಂದು ಕಾದೆ. ಏನೂ ಅನ್ನಲಿಲ್ಲ. ಕ್ಷಮಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಹೇಳಲೇ? ನನಗೆ ಅವನ ನೋವಿನ ಚಿಂತೆ ಇರಲಿಲ್ಲ, ಕ್ಯಾಸೆಟ್ಟಿನ ಚಿಂತೆ ಇತ್ತು! ಕಾಕಾ ತನ್ನ ಮೈಕಿನಲ್ಲಿ ಬಂದದ್ದನ್ನೆಲ್ಲ ತುಂಬಿಡುವವನು. ಅವತ್ತಿನದೂ ತುಂಬಿರುತ್ತದೆ. ಮುಯ್ಯಿಯ ದಾರಿ ಹಿಡಿದು ಅದು ನಾಲ್ಕೂರು ಸುತ್ತಿದರೆ? ಹಲಗೆಯ ಮೇಲಿನ ಕ್ಯಾಸೆಟ್ಟು ಕಂಡಾಗಲೆಲ್ಲ ಅದರೊಳಗಿಂದ ನನ್ನ ದನಿ ಕೇಳಿದಂತಾಗುತ್ತಿತ್ತು.

ಕಡೆಯ ವರ್ಷ ಬಂತು. ಅರ್ಥಶಾಸ್ತ್ರ ತಲೆಗೆ ಹತ್ತದು. ಅಪ್ಪ ಅತ್ತೆಗೆ ಮಾತು ಕೊಟ್ಟಾಗಿತ್ತು: ಮಗಳು ಒಂದು ಸಲ ನಪಾಸಾದರೂ ಪುಸ್ತಕ ಮುಚ್ಚಿಸಿ ಲಗ್ನ. ಅತ್ತೆಯ ಮಗ ಕೆಟ್ಟವನೇನಲ್ಲ. ಆದರೆ ನನಗೆ ಬೇಕಾದದ್ದು ಪದವಿ. ಆ 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ' ಎನ್ನುವುದಿದೆಯಲ್ಲ, ಅದನ್ನು ನೂರು ಸಲ ಓದಿದ್ದೆ. ಓದಿದಷ್ಟೂ ಮರೆಯುತ್ತಿತ್ತು.

ಕಾಕಾ ಬಾಗಿಲಿಗೆ ಆತುಕೊಂಡು ಕೇಳುತ್ತಿದ್ದ. "ಯವ್ವಾ, ಹಾಡು ಮರೀತೀಯೇನ?"

"ಇಲ್ಲ."

"ಮತ್ತ ಪಾಠ ಯಾಕ ಮರೀತಿ? ತಾಳ ಇಲ್ಲ ಅದಕ್ಕ! ಬಾ, ಓದು. ನಿನ್ನ ದನಿ ಮೈಕಿಗೆ ಭಾಳ ಚಲೋ ಹೊಂದತೈತಿ."

ಆ ಮಾತಿಗೆ ನನ್ನ ಮುಖ ಕೆಂಪಾಯಿತು. ಅವನ ಮುಖದಲ್ಲಿ ಕುಹಕ ಹುಡುಕಿದೆ, ಸಿಗಲಿಲ್ಲ. ಒಡೆಯದ ಹೊಸ ಕ್ಯಾಸೆಟ್ಟುಗಳ ಸಾಲೇ ಹಲಗೆಯ ಮೇಲಿತ್ತು. ಅವನ್ನು ಬಿಟ್ಟು ಯಾವುದೋ ಹಳೆಯದನ್ನು ಹುಡುಕಿ ತೆಗೆದು ಹಾಕಿದ. ನನ್ನ ಪಾಠಕ್ಕೆ ಹೊಸದು ದಂಡ ಎಂದುಕೊಂಡಿರಬೇಕು ಎಂದು ಒಳಗೊಳಗೇ ಮುನಿದುಕೊಂಡೆ. ಓದಿದೆ. "ತಾಳ ಕೂಡಸಾಕ ನಾಕ ದಿನಾ ಬೇಕು" ಎಂದ.

ಐದನೆಯ ದಿನ ಕಾಕಾ ಅಸುಂಡಿಯ ಮದುವೆಗೆ ಹೋಗಿದ್ದ. ಡ್ರೈವರ್ ಮಾಮಾ ಬಾಗಿಲಲ್ಲಿ ನಿಂತು, "ಮುಂಡರಗಿಗೆ ಕೊಡೂ ಹೊಸಾ ಮಾಲು ಎಲ್ಲೈತವ್ವಾ? ಜಲ್ದಿ, ಬಸ್ಸು ಬಿಡ್ತೈತಿ!" ಎಂದ. ಟೇಪ್ ರೆಕಾರ್ಡರಿನ ಮೇಲೆ ಕೆಂಪು ದಾರದ್ದು ಒಂದೇ ಒಂದಿತ್ತು. ಕೊಟ್ಟೆ. ಅರ್ಥಶಾಸ್ತ್ರಕ್ಕೆ ಯಾರಾದರೂ ಕೆಂಪು ದಾರ ಕಟ್ಟುತ್ತಾರೆಯೇ? ಕಾಕಾ ಕಟ್ಟಿದ್ದ! ತಾಳ ಕೂಡಿದ ಮೇಲೆ ಅವನಿಗೆ ಅದು ಕುಣಿಯುವ ಹಾಡೇ.

ಮೂರು ದಿನಕ್ಕೆ ಅತ್ತೆ ಮುಂಡರಗಿಯ ಮದುವೆಯಿಂದ ನೇರವಾಗಿ ನಮ್ಮ ಮನೆಗೆ ಇಳಿದಳು.

"ಮಾನಾ ಹೋತೋ ತಮ್ಮಾ! ಊರ ಮಂದಿ ಎಲ್ಲಾ ನಿನ್ನ ಮಗಳ ದನಿಗೆ ಕುಣದ್ರು!"

ಆಗಿದ್ದಿಷ್ಟು. ಮದುಮಗನ ಮೆರವಣಿಗೆಯಲ್ಲಿ ಮಗ್ಗದ ಖಟಕ್-ಖಟಕ್ ಶುರುವಾಗಿದೆ, ಡಿಸ್ಕೋ ಏರಿದೆ, ಮಂದಿ ಸೊಂಟ ಸಡಿಲಿಸಿದ್ದಾರೆ, ಆಗ ನನ್ನ ದನಿ ಹೊರಟಿದೆ: "ಇಳಿಮುಖ! ಸೀಮಾಂತ! ತುಷ್ಟಿಗುಣ, ತುಷ್ಟಿಗುಣ!" ಒಂದು ಕ್ಷಣ ಎಲ್ಲರೂ ತಬ್ಬಿಬ್ಬು. ಆಮೇಲೆ ಮದುಮಗನೇ ಕೈ ಎತ್ತಿ "ತುಷ್ಟಿಗುಣ!" ಎಂದನಂತೆ. ಮೂರು ಸಲ ಒನ್ಸ್ ಮೋರ್!

"ಹೆಣ್ಣ ಹುಡಿಗಿ ದನಿ ಬೀದ್ಯಾಗ ಕುಣಿಸ್ತೀರೇನ? ಕೊಟ್ಟಾಂವ ಯಾಂವ?" ಅಪ್ಪ ಗುಡುಗಿದ. "ನಾಳಿಂದ ಕಾಲೇಜ್ ಬಂದ್!"

ಕೊಟ್ಟವಳು ನಾನು. ಹೇಳಬೇಕೆಂದು ಬಾಯಿ ತೆರೆದೆ. ಕಾಕಾ ನನ್ನನ್ನು ಒಮ್ಮೆ ನೋಡಿದ. "ನಾನಽ ಕೊಟ್ಟೆ ಅಣ್ಣಾ. ಯಾವ್ದಂತ ನೋಡದ ಕೊಟ್ಟೆ" ಎಂದ. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಗ್ಯಾದರಿಂಗಿನಲ್ಲಿ ಮಾತಾಡಿ ಸಣ್ಣವಳಾಗಿದ್ದೆ. ಇಲ್ಲಿ ಸುಮ್ಮನಿದ್ದು ಇನ್ನೂ ಸಣ್ಣವಳಾದೆ.

"ತಪ್ಪು ನಂದು, ಶಿಕ್ಷಾ ಆಕಿಗ್ಯಾಕ?" ಎಂದ ಕಾಕಾ. "ಪರೀಕ್ಷಾ ಬರೀಲಿ. ಈಕಿ ನಪಾಸಾದ್ರ ಸೆಟ್ಟು ಕಟ್ಟಿಟ್ಟು ಗುಡ್ಯಾಗ ನಿನ್ನ ಮಗ್ಗಲಿಗೆ ಸಂಬಾಳ ಹಿಡದು ಕುಂಡ್ರತೀನಿ. ದೇವರ ಆಣಿ."

ಹತ್ತು ವರ್ಷದಿಂದ ಅಪ್ಪ ಬೇಡಿಕೊಂಡಿದ್ದು ಅದೇ. ಅಪ್ಪ ಒಪ್ಪಿದ. ಅತ್ತೆಯೂ ಒಪ್ಪಿದಳು. ನಾನು ನಪಾಸಾದರೆ ಅವಳ ಎರಡೂ ಮಾತು ಒಂದೇ ದಿನ ನಡೆಯುತ್ತವಲ್ಲ!

ಮರುದಿನ ಬೆಳಿಗ್ಗೆ ಕಾಕಾ ಚೀಲ ತುಂಬಿಕೊಂಡು ಬಸ್ಸು ಹತ್ತಿದ. ಅಷ್ಟರೊಳಗೆ ತುಷ್ಟಿಗುಣ ಮುಂಡರಗಿಯಿಂದ ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಹಬ್ಬಿತ್ತು. ಅವನದೇ ಕಾಯಿದೆ ಅವನಿಗೇ ತಿರುಗಿತು: ಒಂದು ಬೇಕಾದರೆ ಒಂದು ಕೊಡು. ಪ್ರಾಣದಂತೆ ಇಟ್ಟುಕೊಂಡಿದ್ದ ಮುಂಬಯಿಯ ಕ್ಯಾಸೆಟ್ಟುಗಳನ್ನೂ, ಅಪ್ಪನ ಸನಾದಿಯದನ್ನೂ, ಕಡೆಗೆ 'ಹಾಲು ಉಕ್ಕೇತಿ'ಯನ್ನೂ ಕೊಟ್ಟು ನನ್ನ ದನಿ ಬಿಡಿಸಿಕೊಂಡು ಬಂದ. ನಕಲುಗಳನ್ನು ನನ್ನ ಎದುರಿಗೇ ಅಳಿಸಿದ. ಮೂಲದ್ದನ್ನು ನನ್ನ ಕೈಗಿಟ್ಟು, "ಕೌದಿ ಹೊತಗೊಂಡು ಕೇಳು. ನಿಮ್ಮ ಅತ್ತಿಗೆ ಕೇಳಿಸಬಾರದು, ಆಕಿನೂ ಕುಣದ್ರ ಕಷ್ಟ!" ಎಂದ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ನೋಡಿದರೆ ಮೊದಲ ಪ್ರಶ್ನೆಯೇ ಅದು. ತಲೆ ಖಾಲಿ. ಸಂಬಾಳ ಹಿಡಿದು ತಲೆ ತಗ್ಗಿಸಿ ಕೂತ ಕಾಕಾ ಕಣ್ಣ ಮುಂದೆ ಬಂದ. ಆಗ ಬೆಂಚಿನ ಕೆಳಗೆ ನನ್ನ ಕಾಲು ತಾನಾಗಿ ಶುರುಮಾಡಿತು: ಖಟಕ್-ಖಟಕ್, ಖಟಕ್-ಖಟಕ್. ಹಿಂದೆಯೇ ಪಾಠ ಸಾಲುಹಿಡಿದು ಬಂತು! ಮೇಲ್ವಿಚಾರಕರು ಎರಡು ಸಲ ಬಂದು ಎಚ್ಚರಿಸಿದರು: "ತಂಗೀ, ಕಾಲು ನಿಂದ್ರಸು." ಕಾಲು ನಿಂತರೆ ಕೈಯೂ ನಿಲ್ಲುತ್ತಿತ್ತು. ಅವರಿಗೆ ಹೇಗೆ ತಿಳಿಸಲಿ?

ಪಾಸಾದೆ. ಮೆರಿಟ್ಟೂ ಅಲ್ಲ, ರ‍್ಯಾಂಕೂ ಅಲ್ಲ. ಸೆಕೆಂಡ್ ಕ್ಲಾಸ್. ನಮ್ಮ ಮನೆತನಕ್ಕೆ ಅದೇ ಮೊದಲನೆಯದು.

ಕಾಲೇಜಿನ ಆಫೀಸಿನಲ್ಲಿ ಸಹಿ ಮಾಡಿ ಪ್ರಮಾಣಪತ್ರ ಈಸಿಕೊಂಡು ನೇರವಾಗಿ ಕಾಕಾ ಇದ್ದಲ್ಲಿಗೆ ಹೋದೆ. ಗದುಗಿನಲ್ಲೇ ಒಂದು ಮದುವೆಯ ಹಂದರ. ಕಾಕಾ ಏಣಿಯ ಮೇಲಿದ್ದ. ಮಂದಿಯ ನಡುವೆ ನಿಂತು ಗಟ್ಟಿಯಾಗಿ ಕೂಗಿದೆ, ಮೈಕಿಲ್ಲದೆಯೇ: "ಕಾಕಾ!"

ಇಳಿದು ಬಂದ. ಕೈಯನ್ನು ಅಂಗಿಗೆ ಒರೆಸಿಕೊಂಡ. ಟೇಪಿಗೆ ಬೆರಳು ತಾಗಬಾರದೆಂದು ಹಿಡಿಯುತ್ತಾನಲ್ಲ, ಹಾಗೆ ಕಾಗದದ ಅಂಚುಗಳನ್ನಷ್ಟೇ ಹಿಡಿದು ನೋಡಿದ. ತಿರುಗಿಸಿ ಹಿಂದೆಯೂ ನೋಡಿದ. "ಆ ಕಡೆ ಖಾಲಿ ಐತಲ್ಲ?" ಎಂದ. ನಗಬೇಕೆಂದೆ. ಆಗಲಿಲ್ಲ. ಗ್ಯಾದರಿಂಗಿನ ದಿನದಿಂದ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಕಾಕಾ, ಅವತ್ತು ಗ್ಯಾದರಿಂಗಿನಾಗ ತುಂಬಿದ್ದ ಕ್ಯಾಸೆಟ್ ಎಲ್ಲೈತಿ?"

ಅವನು ಪ್ರಮಾಣಪತ್ರದಿಂದ ಕಣ್ಣು ತೆಗೆಯಲಿಲ್ಲ.

"ಕೌದ್ಯಾಗ ಇಟಗೊಂಡು ಕೇಳಿದ್ಯಲ್ಲ, ಅದಽ ಅದು. ನಿನ್ನ ಪಾಠ ತುಂಬೂ ದಿನಾ ಹೊಸಾ ಕ್ಯಾಸೆಟ್ ಒಂದೂ ಇದ್ದಿದ್ದಿಲ್ಲವ್ವಾ. ಅದರ ಮ್ಯಾಲ ತುಂಬಿದೆ. ಮೊದಲ ಇದ್ದದ್ದು ಅವತ್ತಽ ಅಳಿಸಿಹೋತು."