ಸೋಫಾ ಪ್ರಮೇಯ

"ಈ ವರ್ಷ ನೋಡ್ತಾ ಇರು! ಗಣಿತ ವಿಭಾಗದ ಮುಂದೆ ಜನ ಸಾಲುಗಟ್ಟಿ ನಿಲ್ಲದಿದ್ರೆ ನನ್ನ ಹೆಸರು ಬದಲಾಯಿಸ್ಕೋತೀನಿ!"

ಗಣಿತದ ಮೇಷ್ಟ್ರು ಹೀಗೆ ಗುಡುಗಿದ್ದು ಗುರುವಾರ ಬೆಳಿಗ್ಗೆ, ಒಂದು ಕೆನ್ನೆಗೆ ಮಾತ್ರ ನೊರೆ ಹಚ್ಚಿಕೊಂಡು. ಕೇಳಿಸಿಕೊಂಡವರು ಅವರ ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಬೆಳಗಿನ ಪಾಳಿಗೆ ಹೊರಡುವ ಗಡಿಬಿಡಿಯಲ್ಲಿ ಬಗ್ಗಿ ಶೂ ಲೇಸು ಕಟ್ಟುತ್ತಿದ್ದರು.

"ಹೋದ ವರ್ಷಾನೂ ಇದನ್ನೇ ಹೇಳಿದ್ರಿ," ಎಂದರು ತಲೆ ಎತ್ತದೆ.

"ಹೋದ ವರ್ಷ ಹನ್ನೊಂದು ಜನ ಬಂದಿದ್ರು ಕಣೇ!"

"ಒಂಬತ್ತು ಜನ ಟಾಯ್ಲೆಟ್ ಎಲ್ಲಿದೆ ಅಂತ ಕೇಳೋಕೆ ಬಂದೋರು. ಅವರಲ್ಲೇ ಒಬ್ರು ಛತ್ರಿ ಮರೆತು ಎರಡನೇ ಸಲ ಬಂದ್ರು. ಹನ್ನೊಂದನೆಯವಳು ನಾನು."

ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕದ ಮೇಷ್ಟ್ರು ಲೆಕ್ಕಕ್ಕೆ ಎದುರಾಡುವುದಾದರೂ ಹೇಗೆ? ಇನ್ನೊಂದು ಕೆನ್ನೆಗೂ ನೊರೆ ಹಚ್ಚಿಕೊಂಡರು.

ವರ್ಷಕ್ಕೊಮ್ಮೆ, ಒಂದು ಶನಿವಾರ ಮತ್ತು ಭಾನುವಾರ, ವಿಶ್ವವಿದ್ಯಾಲಯ ತನ್ನ ಬಾಗಿಲನ್ನು ಊರ ಜನಕ್ಕೆಲ್ಲ ತೆರೆದಿಡುತ್ತಿತ್ತು. ಬನ್ನಿ, ವಿಜ್ಞಾನವನ್ನು ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ಎಂದು ಗೇಟಿನಲ್ಲಿ ದೊಡ್ಡ ಬ್ಯಾನರು. ಭೌತಶಾಸ್ತ್ರದವರು ಬಂದವರ ತಲೆಗೂದಲನ್ನು ನೆಟ್ಟಗೆ ನಿಲ್ಲಿಸಿ ಕಳಿಸುತ್ತಿದ್ದರು. ಜೀವಶಾಸ್ತ್ರದವರ ಬಳಿ ಒಂದು ಹೆಬ್ಬಾವಿತ್ತು. ರಸಾಯನಶಾಸ್ತ್ರದ ಮುಖ್ಯಸ್ಥರಂತೂ ಬಕೆಟ್ಟುಗಟ್ಟಲೆ ಬಿಳಿ ಹೊಗೆ ಎಬ್ಬಿಸಿ ಅದರ ನಡುವಿನಿಂದ ನಗುತ್ತಾ ಪ್ರತ್ಯಕ್ಷರಾಗುತ್ತಿದ್ದರು. ಕ್ಯಾಂಪಸ್ಸಿನಲ್ಲಿ ಅವರಿಗೆ ಹೊಗೆರಾಯರು ಎಂದೇ ಹೆಸರು. ಬಂದವರನ್ನು ಎಣಿಸಲು ಪ್ರತಿ ವಿಭಾಗಕ್ಕೂ ಒಂದು ಟಿಕ್ ಟಿಕ್ ಯಂತ್ರ ಕೊಟ್ಟಿದ್ದರು.

"ಏನ್ರೀ ಮೇಷ್ಟ್ರೇ, ನಿಮ್ಮ ಯಂತ್ರದಲ್ಲಿ ಮೂರನೇ ಅಂಕಿ ತಿರುಗುತ್ತೋ ಇಲ್ವೋ ಅಂತ ಯಾವತ್ತಾದ್ರೂ ನೋಡಿದೀರಾ?" ಎಂದು ಹೊಗೆರಾಯರು ಹೋದ ವರ್ಷ ನಾಲ್ಕು ಜನರ ಮುಂದೆ ಕೇಳಿದ್ದರು. ಆ ಮಾತು ಮೇಷ್ಟ್ರ ಹೊಟ್ಟೆಯಲ್ಲಿ ಹನ್ನೆರಡು ತಿಂಗಳು ಉರಿಯುತ್ತಲೇ ಇತ್ತು.

ಈ ಸಲ ಅವರ ಕೈಯಲ್ಲಿ ಬ್ರಹ್ಮಾಸ್ತ್ರವಿತ್ತು. ಅದನ್ನು ಹೆಂಡತಿಯ ಮುಂದೆ ಬಿಚ್ಚಿಟ್ಟರು.

"ಒಂದು ಓಣಿ, ಅಂದ್ರೆ ಕಾರಿಡಾರು. ಮಧ್ಯದಲ್ಲಿ ತೊಂಬತ್ತು ಡಿಗ್ರಿ ತಿರುವು. ನೆಲದ ಮೇಲೆ ಜಾರಿಸಬೇಕು, ಎತ್ತೋ ಹಾಗಿಲ್ಲ, ನಿಲ್ಲಿಸೋ ಹಾಗಿಲ್ಲ. ಆ ಮೂಲೆ ತಿರುಗಬಲ್ಲ ಅತಿ ದೊಡ್ಡ ಸೋಫಾ ಯಾವುದು? ದೊಡ್ಡ ದೊಡ್ಡ ಗಣಿತಜ್ಞರು ಹತ್ತಾರು ವರ್ಷ ತಲೆ ಕೆಡಿಸ್ಕೊಂಡ ಪ್ರಶ್ನೆ ಇದು!"

"ಮನೆ ಸಾಮಾನು ಸಾಗಿಸೋರನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತಪ್ಪ."

"ರಟ್ಟಿನ ಮಾದರಿ ಯಾರಿಗೆ ಬೇಕು? ನಿಜವಾದ ಓಣಿ ನಮ್ಮ ವಿಭಾಗದ ಮುಂದೇನೇ ಇದೆ. ಅದೇ ತಿರುವು ದಾಟಿದ್ರೆ ಹೊಗೆರಾಯರ ಲ್ಯಾಬು. ಇನ್ನು ನಿಜವಾದ ಸೋಫಾ ಒಂದಿದ್ರೆ..."

ಮೇಷ್ಟ್ರ ಕಣ್ಣು ಹಾಲ್ ಕಡೆಗೆ ಹೊರಳಿತು. ಹೆಂಡತಿ ಲೇಸು ಕಟ್ಟುವುದನ್ನು ನಿಲ್ಲಿಸಿದರು.

ಆ ಸೋಫಾದ ವಿಷಯ ಇಲ್ಲೇ ಹೇಳಿಬಿಡಬೇಕು. ಮೂವತ್ತೆರಡು ಹಾಸಿಗೆಯ ವಾರ್ಡಿನಲ್ಲಿ ಬೆಳಗಿನಿಂದ ನಿಂತೇ ಇರುವ ಆಕೆ ಮೂರು ಗಂಟೆಗೆ ಮನೆಗೆ ಬಂದು, ಶೂ ಕಳಚಿ, ಊದಿದ ಕಾಲನ್ನು ಸೋಫಾದ ತೋಳಿನ ಮೇಲೆ ಎತ್ತಿಟ್ಟು, ಮುಕ್ಕಾಲು ಗಂಟೆ ಮಲಗುತ್ತಿದ್ದರು. ಮಂಚದಲ್ಲಿ ದಿಂಬು ಒಟ್ಟಿ ನೋಡಿದ್ದೂ ಆಗಿತ್ತು. ಆ ಎತ್ತರ, ಆ ಮೆತ್ತಗೆ ಬೇರೆಲ್ಲೂ ಸಿಗಲಿಲ್ಲ. ದಿನವಿಡೀ ಬೇರೆಯವರನ್ನು ಮಲಗಿಸುವ ಆಕೆಗೆ ತನ್ನದು ಅಂತ ಇದ್ದದ್ದು ಆ ಮುಕ್ಕಾಲು ಗಂಟೆ ಮಾತ್ರ.

"ಶನಿವಾರ ಒಂದೇ ದಿನ," ಎಂದರು ಆಕೆ ಕೊನೆಗೆ. "ಮೂರೂಕಾಲು ಗಂಟೆಗೆ ಅದು ಇದೇ ಜಾಗದಲ್ಲಿರಬೇಕು. ಒಂದು ಗೀರು ಬಿದ್ದಿರಬಾರದು."

"ಕೊಟ್ಟ ಮಾತು!" ಎಂದರು ಮೇಷ್ಟ್ರು, ಎದೆ ಮುಟ್ಟಿಕೊಂಡು.

ಶನಿವಾರ ಬೆಳಿಗ್ಗೆ ಬಾಡಿಗೆ ಟೆಂಪೋದಲ್ಲಿ ಸೋಫಾದ ಮೆರವಣಿಗೆ ಹೊರಟಿತು. ವಿಭಾಗದ ಅಟೆಂಡರು, ನಿವೃತ್ತಿಗೆ ಆರು ತಿಂಗಳಿದ್ದ ದೊಡ್ಡಣ್ಣ, ಅದನ್ನು ಓಣಿಗೆ ತಂದಿಡುವಷ್ಟರಲ್ಲಿ ಬೆವರಿ ತೊಯ್ದುಹೋಗಿದ್ದರು. ಮೇಷ್ಟ್ರು ಟೇಪು ಹಿಡಿದು ಮೂರು ಸಲ ಅಳೆದರು, ಬೋರ್ಡಿನ ತುಂಬ ಲೆಕ್ಕ ಮಾಡಿದರು. ಸೋಫಾ ಮೂಲೆ ತಿರುಗುವುದಿಲ್ಲ! ನಾಲ್ಕು ಸೆಂಟಿಮೀಟರ್ ಸಾಲದು! ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು.

ಹತ್ತು ಗಂಟೆಗೆ ಇಪ್ಪತ್ತು ಜನ ಸೇರಿದರು. ನೂಕಿದರು. ಸೋಫಾ ಜಾರಿತು, ಓರೆಯಾಯಿತು, ಸರಿಯಾಗಿ ಗೆರೆಯ ಮೇಲೆ ಬಂದು ನಿಂತಿತು. ಚಪ್ಪಾಳೆ! ಗಣಿತಕ್ಕೆ ಚಪ್ಪಾಳೆ! ಇಪ್ಪತ್ತಾರು ವರ್ಷ ಪಾಠ ಮಾಡಿದ ಮೇಷ್ಟ್ರು ಆ ಸದ್ದನ್ನು ಮೊದಲ ಸಲ ಕೇಳಿದ್ದು. ಅಲ್ಲಿಗೆ ನಿಲ್ಲಿಸಿ, ಸೋಫಾವನ್ನು ಹಿಂದಕ್ಕೆಳೆದು ಮನೆಗೆ ಕಳಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚಪ್ಪಾಳೆ ತಲೆಗೇರಿತ್ತು.

"ಇನ್ನೊಂದು ಬೆರಳಷ್ಟೂ ಮುಂದಕ್ಕೆ ಹೋಗಲ್ಲ! ಸಾಧ್ಯವೇ ಇಲ್ಲ ಅಂತ ಗಣಿತ ಹೇಳುತ್ತೆ! ಯಾರಿಗೆ ಬೇಕಾದ್ರೂ ಸವಾಲು!"

ಗುಂಪಿನಲ್ಲಿ ಒಬ್ಬ ಲಾರಿ ಡ್ರೈವರ್ ತನ್ನ ಸಂಸಾರದೊಂದಿಗೆ ಬಂದಿದ್ದ. ಅವನು ಅಂಗಿಯ ತೋಳು ಮಡಚಿದ.

"ಸಾಧ್ಯ ಇಲ್ವಂತೆ, ಕೇಳಿದ್ಯಾ ಭಾವ? ನೀನು ಆ ಕಡೆ ಹಿಡಿ. ಚಿಕ್ಕಪ್ಪ, ನೀವು ಬೆನ್ನು ಕೊಡಿ. ಒಂದು... ಎರಡು... ಹೂಂ!"

ಸೋಫಾ ಮುಂದಕ್ಕೆ ಹೋಯಿತು! ಒಂದು ಬೆರಳಲ್ಲ, ಒಂದು ಗೇಣು! ಮೇಷ್ಟ್ರ ಲೆಕ್ಕದಲ್ಲಿ ಉದ್ದವಿತ್ತು, ಅಗಲವಿತ್ತು, ಕೋನವಿತ್ತು. ಸ್ಪಂಜು ಇರಲಿಲ್ಲ. ಅಮುಕಿದಾಗ ಕುಗ್ಗಿದ ಸ್ಪಂಜು, ಕೈಬಿಟ್ಟ ಕೂಡಲೇ ಉಸ್ಸೆಂದು ಉಬ್ಬಿ, ಎರಡೂ ಗೋಡೆಗೆ ಕಚ್ಚಿಕೊಂಡು ಕೂತಿತು. ಹಿಂದಕ್ಕಿಲ್ಲ, ಮುಂದಕ್ಕಿಲ್ಲ. ಎತ್ತೋಣವೆಂದರೆ ಬೆನ್ನು ನೋಟಿಸ್ ಬೋರ್ಡಿನ ಚೌಕಟ್ಟಿನ ಕೆಳಗೆ ಸಿಕ್ಕಿಬಿದ್ದಿತ್ತು. ಲಾರಿ ಡ್ರೈವರ್ ಕೈ ಒರೆಸಿಕೊಂಡು, "ಹೋಯ್ತಲ್ಲ ಸಾರ್, ಗೆದ್ವಿ," ಎಂದು ಹೇಳಿ ಸಂಸಾರಸಮೇತ ಹೆಬ್ಬಾವು ನೋಡಲು ಹೋದ.

ದೊಡ್ಡಣ್ಣ ಸೋಪಿನ ನೀರು ಹಾಕಿದರು. ಮೇಷ್ಟ್ರು ಕಾಲು ಕೊಟ್ಟು ಒದ್ದರು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತಿರುವಿನ ಆಚೆಯಿಂದ ಹೊಗೆರಾಯರ ಆರ್ತನಾದ ಕೇಳಿಸಿತು.

"ಏನ್ರೀ ಇದು? ನನ್ನ ಲ್ಯಾಬಿಗೆ ಜನಾನೇ ಬರ್ತಿಲ್ಲ! ಇಲ್ಲಿ ಹೊಗೆ ಸುಮ್ನೆ ದಂಡ ಆಗ್ತಿದೆ!"

"ಹಿಂದಿನ ಬಾಗಿಲಿದೆಯಲ್ಲ, ಕಟ್ಟಡ ಸುತ್ತಿ ಬರ್ತಾರೆ ಬಿಡಿ!"

"ಯಾರ್ರೀ ಸುತ್ತಿ ಬರ್ತಾರೆ? ಅವರೆಲ್ಲ ನಿಮ್ಮ ಸೋಫಾ ಮೇಲೆ ಕೂತಿದ್ದಾರೆ!"

ಮೇಷ್ಟ್ರು ತಿರುಗಿ ನೋಡಿದರು. ನಿಜ! ಬೆಳಗಿನಿಂದ ನಾಲ್ಕು ಕಟ್ಟಡ ಅಲೆದು ಸುಸ್ತಾದ ಐದು ಜನ ಸಾಲಾಗಿ ಕೂತು ಕಣ್ಣು ಮುಚ್ಚಿದ್ದರು. ಇಡೀ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಎಲ್ಲೆಲ್ಲೂ ಇತ್ತು, ಕೂರಲು ಜಾಗ ಮಾತ್ರ ಎಲ್ಲೂ ಇರಲಿಲ್ಲ. ಅವರ ಹಿಂದೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು. ಸಾಲುಗಟ್ಟಿ!

ಮೇಷ್ಟ್ರು ಸಿಕ್ಕಿದ ಅವಕಾಶ ಬಿಡಲಿಲ್ಲ. ಕೂತವರಿಗೆ ಓಣಿ, ಮೂಲೆ, ಕೋನ ಎಂದು ವಿವರಿಸತೊಡಗಿದರು. ವಯಸ್ಸಾದ ಒಬ್ಬ ಹೆಂಗಸು ತುಟಿಯ ಮೇಲೆ ಬೆರಳಿಟ್ಟರು.

"ಸ್ವಲ್ಪ ಮೆಲ್ಲಗೆ, ಮೇಷ್ಟ್ರೇ. ನಮ್ಮನೆಯವರಿಗೆ ಈಗ ತಾನೇ ಜೋಂಪು ಹತ್ತಿದೆ. ನಾಲ್ಕು ಕಟ್ಟಡ ಸುತ್ತಿದ್ವಿ, ಮನುಷ್ಯರಿಗೆ ಬೇಕಾದ್ದನ್ನ ಕಂಡುಹಿಡಿದಿರೋದು ನೀವೊಬ್ರೇ."

ಜಾಗಕ್ಕಾಗಿ ಜಗಳ ಶುರುವಾದಾಗ ದೊಡ್ಡಣ್ಣ ಪರೀಕ್ಷೆಯ ಹಳೇ ನಂಬರ್ ಚೀಟಿಗಳನ್ನು ತಂದು ಟೋಕನ್ ಹಂಚಿದರು. ಒಬ್ಬರಿಗೆ ಮೂರು ನಿಮಿಷ. ಟಿಕ್ ಟಿಕ್ ಯಂತ್ರದ ಮೂರನೇ ಅಂಕಿ ಕೀರಲು ದನಿ ಮಾಡುತ್ತಾ ತಿರುಗಿತು. ಅಭಿಪ್ರಾಯದ ಪುಸ್ತಕದಲ್ಲಿ ಯಾರೋ ಬರೆದರು: "ಗಣಿತ ಇಷ್ಟು ಮೆತ್ತಗಿರುತ್ತೆ ಅಂತ ಗೊತ್ತಿರಲಿಲ್ಲ."

ಆದರೆ ಗಡಿಯಾರವೂ ತಿರುಗುತ್ತಿತ್ತಲ್ಲ! ಮೂರೂಕಾಲು ಗಂಟೆಗೆ ಫೋನು ಬಂತು.

"ರೀ, ಮನೆಗೆ ಕಳ್ಳ ನುಗ್ಗಿದ್ದಾನೆ."

"ಅಯ್ಯೋ! ಹೌದಾ?"

"ಬೇರೇನೂ ಮುಟ್ಟಿಲ್ಲ. ಸೋಫಾ ಒಂದನ್ನೇ ಹೊತ್ಕೊಂಡು ಹೋಗಿದ್ದಾನೆ. ಹೆಸರು ಹೇಳ್ಲಾ?"

"ಅದೂ... ಜನ ಬಿಡ್ತಾ ಇಲ್ಲ ಕಣೇ. ಭಾರೀ ಬೇಡಿಕೆ! ನಾಳೆ ಒಂದು ದಿನ..."

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಆಕೆ ಬೈಯಲಿಲ್ಲ.

"ಕಾಲು ತುಂಬಾ ನೋಯ್ತಿದೆ ಕಣ್ರೀ," ಎಂದು ಹೇಳಿ ಫೋನ್ ಇಟ್ಟರು.

ಅದರ ಮೇಲೆ ಡೀನ್ ಬಂದರು. ಓಣಿ ನೋಡಿದರು, ಕಿಡಿಕಿಡಿಯಾದರು.

"ದಾರಿಗೆ ಅಡ್ಡ ಇದೇನ್ರೀ? ನಾಳೆ ಸಂಜೆವರೆಗೆ ಟೈಮು. ಆಮೇಲೆ ಬಡಗಿ ಕರೆಸಿ ಎರಡು ತುಂಡು ಮಾಡಿಸ್ತೀನಿ!"

ಆ ದಿನ ಮೇಷ್ಟ್ರು ಮನೆಗೆ ಹೋಗಿ ಸತ್ಯ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಹೆಂಡತಿ ಹಾಲಿನಲ್ಲಿ, ಸೋಫಾದ ನಾಲ್ಕು ಕಾಲು ಬಿಟ್ಟ ಗುರುತಿನ ನಡುವೆ ಕುರ್ಚಿ ಹಾಕಿಕೊಂಡು, ಇನ್ನೊಂದು ಕುರ್ಚಿಯ ಮೇಲೆ ಕಾಲಿಟ್ಟು ಕೂತಿದ್ದರು. ಕಾಲು ಮತ್ತೆ ಮತ್ತೆ ಜಾರುತ್ತಿತ್ತು. ಮೇಷ್ಟ್ರು ಊಟ ಮಾಡದೆ ಮಲಗಿದರು.

ಭಾನುವಾರ ಸಾಲು ಗೇಟಿನವರೆಗೆ ಬೆಳೆದಿತ್ತು. ಗೆದ್ದ ಮೇಷ್ಟ್ರ ಮುಖ ಮಾತ್ರ ಹುಳ್ಳಗಿತ್ತು. ಬೆಳಗಿನಿಂದ ಮೂರು ಸಲ, ಕೂತವರನ್ನೆಲ್ಲ ಎಬ್ಬಿಸಿ ಎಳೆದು ನೋಡಿದ್ದರು. ಹೊಗೆರಾಯರು ಆಚೆಯಿಂದ, "ನನ್ನ ಹತ್ರ ಇರೋ ತಣ್ಣನೆ ದ್ರವ ಸುರಿದ್ರೆ ಸ್ಪಂಜು ಗಾಜಿನ ಥರ ಆಗುತ್ತೆ ಕಣ್ರೀ, ಸುತ್ತಿಗೇಲಿ ಪುಡಿ ಮಾಡೋಣ," ಎಂದು ಆಸೆಯಿಂದ ಕೇಳುತ್ತಲೇ ಇದ್ದರು.

ಮೂರೂವರೆಗೆ ಸಾಲಿನ ಕೊನೆಯಲ್ಲಿ ಮೇಷ್ಟ್ರಿಗೆ ಬಿಳಿ ಯೂನಿಫಾರ್ಮು ಕಂಡಿತು. ಓಡೋಣವೆಂದರೆ ಮುಂದೆ ಹೆಂಡತಿ, ಹಿಂದೆ ಸೋಫಾ!

ಆಕೆ ನೇರ ಮುಂದಕ್ಕೆ ಬರಲು ನೋಡಿದರು. ದೊಡ್ಡಣ್ಣನಿಗೆ ಯಾರೆಂದು ತಿಳಿಯದು. ಕೈ ಅಡ್ಡ ಹಿಡಿದರು.

"ಸಾಲಲ್ಲಿ ಬನ್ನಿ ತಾಯಿ. ಎಲ್ಲರಿಗೂ ಕಾಲಿದೆ, ಎಲ್ಲರಿಗೂ ನೋವಿದೆ."

"ಅಣ್ಣಾ, ಅದು ನನ್ನ ಸೋಫಾ."

"ಎಲ್ಲರೂ ಹಾಗೇ ಹೇಳ್ತಾರೆ ತಾಯಿ, ಒಂದು ಸಲ ಕೂತ ಮೇಲೆ. ತಗೊಳ್ಳಿ ಟೋಕನ್ನು."

ಆಕೆ ಟೋಕನ್ ತಗೊಂಡರು. ತನ್ನ ಸೋಫಾದಲ್ಲಿ ಕೂರಲು ಇಪ್ಪತ್ತೈದು ನಿಮಿಷ ಸಾಲಲ್ಲಿ ನಿಂತರು. ಗಂಡನ ಕಡೆ ಒಮ್ಮೆಯೂ ನೋಡಲಿಲ್ಲ. ಮೇಷ್ಟ್ರು ಅಲ್ಲೇ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಪಾಳಿ ಬಂದಾಗ ಆಕೆ ಶೂ ಕಳಚಿದರು. ಊದಿ ಕೆಂಪಗಾಗಿದ್ದ ಪಾದ ನೋಡಿ ಉಳಿದ ನಾಲ್ವರೂ ತಾವಾಗಿಯೇ ಎದ್ದರು.

"ಚಾಚಿ ಮಲಗಮ್ಮ, ನಮ್ಮದೇನೂ ಅವಸರ ಇಲ್ಲ," ಎಂದರು ಒಬ್ಬರು.

ಆಕೆ ಕಾಲನ್ನು ತೋಳಿನ ಮೇಲೆ ಎತ್ತಿಟ್ಟರು. ಎರಡು ನಿಮಿಷದಲ್ಲಿ ನಿದ್ದೆ. ಗುಂಪು ಸದ್ದಿಲ್ಲದೆ ಸುತ್ತ ನಿಂತು ನೋಡಿತು. ಇದೂ ಪ್ರದರ್ಶನದ ಭಾಗವೆಂದೇ ಎಲ್ಲರ ನಂಬಿಕೆ. ಯಾರೋ ಫೋಟೋ ಕೂಡ ತೆಗೆದರು.

ಅದೇ ಹೊತ್ತಿಗೆ ಡೀನ್ ಬಂದರು. ಹಿಂದೆ ಗರಗಸ ಹಿಡಿದ ಬಡಗಿ!

"ಏನ್ರೀ ಮೇಷ್ಟ್ರೇ..."

"ಶ್ಶ್!"

ಮೇಷ್ಟ್ರು ಡೀನ್ ಬಾಯಿ ಮುಚ್ಚಿಸಿದ್ದು ಜನ್ಮದಲ್ಲಿ ಮೊದಲ ಸಲ! ಎರಡೂ ಕೈ ಅಗಲಿಸಿ ಸೋಫಾದ ಮುಂದೆ ನಿಂತರು.

"ಮುಕ್ಕಾಲು ಗಂಟೆ, ಸಾರ್. ಬೇಕಾದ್ರೆ ಆಮೇಲೆ ನನ್ನನ್ನೇ ಎರಡು ತುಂಡು ಮಾಡಿಸಿ."

ಬಡಗಿ ಗರಗಸ ಕೆಳಗಿಟ್ಟು ಗೋಡೆಗೊರಗಿ ಕೂತ. ಡೀನ್ ಗಡಿಯಾರ ನೋಡಿಕೊಂಡರು, ಆಮೇಲೆ ಅವರೂ ಬಡಗಿಯ ಪಕ್ಕ ಕೂತರು. ಅವರೂ ಬೆಳಗಿನಿಂದ ನಿಂತೇ ಇದ್ದರು ಪಾಪ.

ಸರಿಯಾಗಿ ಮುಕ್ಕಾಲು ಗಂಟೆಗೆ ಆಕೆ ಕಣ್ಣು ತೆರೆದರು. ಮೊದಲು ಕಂಡದ್ದು ಗರಗಸ, ಆಮೇಲೆ ಗಂಡ.

"ಸಿಕ್ಕಿಕೊಂಡುಬಿಟ್ಟಿದೆ ಕಣೇ," ಎಂದರು ಮೇಷ್ಟ್ರು. "ನಿನ್ನೆಯೇ ಸಿಕ್ಕಿಕೊಂಡಿತು. ಜಂಬ ಕೊಚ್ಚಿಕೊಂಡೆ. ಲೆಕ್ಕದಲ್ಲಿ ಸ್ಪಂಜು ಬಿಟ್ಟುಹೋಯ್ತು. ನಿನಗೆ ಸುಳ್ಳು ಹೇಳಿದೆ. ಈಗ ಕೊಯ್ಯದೆ ಬೇರೆ ದಾರೀನೇ ಇಲ್ಲ."

ಆಕೆ ಎದ್ದರು. ಸೋಫಾದ ತೋಳಿನ ಹಿಂದೆ ಕೈ ತೂರಿಸಿದರು. ಝರ್ರ್ರ್! ಹೊದಿಕೆ ಬಿಚ್ಚಿಕೊಂಡಿತು. ಒಳಗಿನ ಸ್ಪಂಜನ್ನು ಎಳೆದು ಗಂಡನ ಕೈಗೆ ಕೊಟ್ಟರು. ಇನ್ನೊಂದು ತೋಳು, ಝರ್ರ್! ಬೆನ್ನು, ಝರ್ರ್! ಉಳಿದ ಮರದ ಚೌಕಟ್ಟನ್ನು ದೊಡ್ಡಣ್ಣ ಒಂದೇ ಕೈಯಲ್ಲಿ ನೂಕಿದರು. ಅದು ನೆಲದ ಮೇಲೇ ಜಾರುತ್ತಾ, ಯಾರೂ ಎತ್ತದೆ, ಯಾರೂ ನಿಲ್ಲಿಸದೆ, ಮೂಲೆ ತಿರುಗಿ ಹೊಗೆರಾಯರ ಬಾಗಿಲಿಗೆ ಹೋಗಿ ನಿಂತಿತು.

ಓಣಿ ಬಿರಿಯುವಂಥ ಚಪ್ಪಾಳೆ!

"ಒಂಬತ್ತು ವರ್ಷದಿಂದ ತಿಂಗಳಿಗೊಂದು ಸಲ ಈ ಹೊದಿಕೆ ಒಗೀತಿದೀನಿ," ಎಂದರು ಆಕೆ. "ಇದಕ್ಕೆ ಜಿಪ್ ಇರೋದು ನಿಮಗೆ ಗೊತ್ತೇ ಇಲ್ವಾ?"

ಎದೆಯ ತುಂಬ ಸ್ಪಂಜು ಅಪ್ಪಿಕೊಂಡಿದ್ದ ಮೇಷ್ಟ್ರು ಅದರ ಹಿಂದೆ ಮುಖ ಮರೆಸಿಕೊಂಡರು.

ಗಣಿತ ವಿಭಾಗಕ್ಕೆ ಒಂದು ಸಾವಿರದ ಇಪ್ಪತ್ತಾರು ಜನ ಬಂದಿದ್ದರೆಂದು ಡೀನ್ ಘೋಷಿಸಿದರು. ಹೊಗೆರಾಯರು ಬಂದು ಕೈಕುಲುಕಿದರು. ಮೇಷ್ಟ್ರಿಗೆ ಯಾವುದೂ ಬೇಕಿರಲಿಲ್ಲ. ಎರಡು ದಿನ ಸಾವಿರ ಜನ ಕೂತೆದ್ದ ಆ ಸೋಫಾದ ಮೇಲೆ ಒಂದು ಸಲವೂ ಕೂರದೆ ಉಳಿದವರು ಅವರೊಬ್ಬರೇ. ಟೆಂಪೋ ಹೊರಡುವಾಗ ದೊಡ್ಡಣ್ಣ ಕಿಟಕಿಯಲ್ಲಿ ಕೈ ಚಾಚಿ, "ಒಂದು ಉಳಿದಿತ್ತು ಸಾರ್, ನಿಮಗೇ ಇರಲಿ," ಎಂದು ಕೊನೆಯ ಟೋಕನ್ ಕೊಟ್ಟರು.

ಮನೆಯಲ್ಲಿ ಸ್ಪಂಜೆಲ್ಲ ತುಂಬಿ, ಜಿಪ್ಪೆಲ್ಲ ಎಳೆದು, ಸೋಫಾವನ್ನು ಅದೇ ನಾಲ್ಕು ಗುರುತುಗಳ ಮೇಲೆ ಇಟ್ಟದ್ದು ಮೇಷ್ಟ್ರೇ. ಸೊಂಟ ನೆಟ್ಟಗೆ ಮಾಡಿಕೊಂಡು ತಿರುಗುವಷ್ಟರಲ್ಲಿ ಆಕೆ ಆಗಲೇ ಉದ್ದಕ್ಕೆ ಮಲಗಿ, ಕಾಲೆತ್ತಿಟ್ಟು, ಕಣ್ಣು ಮುಚ್ಚಿದ್ದರು. ಮೇಷ್ಟ್ರು ಮೆಲ್ಲಗೆ ಸೋಫಾದ ತುದಿಗೆ ಬಂದು ನಿಂತರು.

"ಟೋಕನ್?" ಎಂದರು ಆಕೆ, ಕಣ್ಣು ತೆರೆಯದೆ.

ಮೇಷ್ಟ್ರ ಮುಖ ಅರಳಿತು! ಜೇಬಿಗೆ ಕೈ ಹಾಕಿ, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದರು. ಆಕೆ ಒಂದು ಕಣ್ಣು ತೆರೆದು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಡಚಿ ವಾಪಸು ಕೊಟ್ಟರು.

"ಪ್ರದರ್ಶನ ಐದು ಗಂಟೆಗೇ ಮುಗೀತು. ಮುಂದಿನ ವರ್ಷ ಬನ್ನಿ."