ಮುಗಿಯದ ಮೂರು ಲೈಫು

"ಅತ್ಗೆ, ಕಣ್ಮುಚ್ಕೊಂಡು ಆ ಕೋತೀನ ಬಾವಿಗೆ ಬೀಳಿಸಿ!" ಎಂದ ಶ್ರೀಕಂಠ.

ವನಮಾಲಾ ಕಣ್ಣನ್ನೂ ಮುಚ್ಚಲಿಲ್ಲ, ಕೋತಿಯನ್ನೂ ಬೀಳಿಸಲಿಲ್ಲ. ಮೂವತ್ತೊಂದು ವರ್ಷ ಪಿ.ಟಿ. ಟೀಚರ್ ಆಗಿದ್ದವರು, ಬೇಕೆಂದೇ ಬೀಳುವುದು ಅವರ ಜಾಯಮಾನವೇ ಅಲ್ಲ. ಕೊನೆಗೆ ಮೈದುನನೇ ರಿಮೋಟ್ ಕಸಿದುಕೊಂಡು, ಟಿವಿಯಲ್ಲಿದ್ದ ಕೆಂಪು ಚಡ್ಡಿಯ ಕೋತಿಯನ್ನು ಬಾವಿಗೆ ನೂಕಿದ. ಒಂದು ಸಲವಲ್ಲ, ಹನ್ನೊಂದು ಸಲ! ಪ್ರತಿ ಸಲವೂ ಕೋತಿ ಚಡ್ಡಿ ಕೊಡವಿಕೊಂಡು ಎದ್ದು ಬಂತು. ಮೂಲೆಯಲ್ಲಿ 'ಲೈಫು ಮೂರು' ಎಂದಿದ್ದದ್ದು ಮೂರಾಗಿಯೇ ಉಳಿಯಿತು.

"ನೋಡಿದ್ರಾ? ಇದೇ ನನ್ನ ಅಕ್ಷಯ ಡಬ್ಬಿ!"

ಸೋಪಿನ ಪೆಟ್ಟಿಗೆಯಷ್ಟಿದ್ದ ಅದು ಹಳೆಯ ಟಿವಿ ಗೇಮಿಗೂ ಅದರ ಕ್ಯಾಸೆಟ್ಟಿಗೂ ನಡುವೆ ಠಾಕುಠೀಕಾಗಿ ಕೂತಿತ್ತು.

"ಫಾರಿನ್ನಲ್ಲಿ ಮೂವತ್ತು ವರ್ಷದ ಹಿಂದೇನೇ ಇಂಥವು ಬಂದಿದ್ವು ಅತ್ಗೆ. ಡಬ್ಬಿ ಜೊತೆ ಒಂದು ಪುಸ್ತಕ, ಅದರ ತುಂಬ ಗುಟ್ಟಿನ ಅಕ್ಷರ. ಒತ್ತಿದ್ರೆ ಲೈಫು ಕಮ್ಮಿಯಾಗಲ್ಲ. ಆಟದ ಕಂಪನಿಯೋರು ಕೋರ್ಟಿಗೇ ಹೋಗಿ ಸೋತು ಬಂದ್ರು! ಆದ್ರೆ ಅವಕ್ಕೆ ಒಂದೊಂದು ಆಟಕ್ಕೆ ಒಂದೊಂದು ಗುಟ್ಟು ಬೇಕು. ನನ್ನದಕ್ಕೆ ಏನೂ ಬೇಡ. ಅದು ಮುಟ್ಟಿದ ಯಂತ್ರದಲ್ಲಿ ಏನು ಕಮ್ಮಿಯಾಗ್ತಿದ್ರೂ ಹಿಡಿದು ನಿಲ್ಲಿಸುತ್ತೆ!"

"ಮೋಸದ ಡಬ್ಬಿ ಅನ್ನು."

"ಸಹಾಯದ ಡಬ್ಬಿ ಅತ್ಗೆ!"

"ಕಿತ್ತುಹಾಕು ಅದನ್ನ! ನಾನು ಗೆದ್ರೆ ಮೂರು ಲೈಫಲ್ಲೇ ಗೆಲ್ಲೋದು. ಇಲ್ದಿದ್ರೆ ಮೂರು ಲೈಫಲ್ಲೇ ಸೋಲೋದು!"

ಅವರ ಹಟಕ್ಕೆ ಕಾರಣವಿತ್ತು. ಬಡಾವಣೆಯ ದಸರಾ ಟಿವಿ ಗೇಮ್ ಸ್ಪರ್ಧೆಗೆ ಅವರು ಹೆಸರು ಕೊಟ್ಟಿದ್ದರು. ಸಂಘದ ಕಾರ್ಯದರ್ಶಿ ನಂಜರಾಜು ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, "ಅರವತ್ತು ದಾಟಿದೋರಿಗೆ ಭಜನೆ ಸ್ಪರ್ಧೆ ಇಟ್ಟಿದೀವಲ್ಲ ಮೇಡಂ" ಎಂದು ಹಲ್ಲು ಕಿರಿದಿದ್ದ. ವನಮಾಲಾಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷದಿಂದ ಆ ಕೋತಿಯನ್ನು ಕುಣಿಸಿ ಏಳು ಕೋಟೆ ದಾಟಿಸಿದ ಕೈ ಇದು! "ನೀವೂ ಕೂತ್ಕೊಳ್ಳಿ, ನಾನೂ ಕೂತ್ಕೊತೀನಿ. ನಾನು ನಿಮಗಿಂತ ಮುಂದೆ ಹೋದ್ರೆ ಈ ವಯಸ್ಸಿನ ನಿಯಮ ಕಿತ್ತು ಬಿಸಾಕ್ಬೇಕು. ಸೋತ್ರೆ ನಾನು ಭಜನೆಗೆ ಬರ್ತೀನಿ" ಎಂದು ಅಲ್ಲೇ ಸವಾಲು ಹಾಕಿದರು. ನಿಯಮವೆಂದರೆ ಪ್ರಾಣ ಬಿಡುವ ನಂಜರಾಜು ತಕ್ಷಣ ಒಪ್ಪಿ, ಇನ್ನೊಂದು ನಿಯಮ ಬರೆದ: 'ಪರದೆಯ ಮೇಲೆ ಲೈಫು ಮುಗಿಯುವ ತನಕ ಆಟಗಾರರು ಏಳತಕ್ಕದ್ದಲ್ಲ. ಎದ್ದವರು ಸೋತಂತೆ.' ಕೆಳಗೆ ಸಹಿ, ಮೊಹರು!

ಆಯುಧಪೂಜೆಯ ಬೆಳಿಗ್ಗೆ ಬಡಾವಣೆಯ ಯಂತ್ರಗಳೆಲ್ಲ ಸಂಘದ ಅಂಗಳದಲ್ಲಿ ಸಾಲಾಗಿ ಕೂತವು. ಮಿಕ್ಸಿ, ತೂಕದ ಯಂತ್ರ, ಮೈಕ್ ಸೆಟ್ಟು, ತುದಿಯಲ್ಲಿ ವನಮಾಲಾ ಮನೆಯ ಟಿವಿ ಗೇಮು. ಅದರ ಮೇಲೆ ಡಬ್ಬಿ ಇನ್ನೂ ಹಾಗೇ ಇತ್ತು!

"ಕೀಳು ಅಂದಿದ್ನಲ್ಲೋ!"

"ಹೊಸ ಯಂತ್ರ ಅತ್ಗೆ, ಒಂದು ಪೂಜೆ ಆಗ್ಲಿ. ಆಮೇಲೆ ಕೀಳ್ತೀನಿ."

ಆ ವರ್ಷ ನಂಜರಾಜು 'ಬಡಾವಣೆಗೆ ಒಂದೇ ಹಾರ' ಎಂಬ ಯೋಜನೆ ಹಾಕಿದ್ದ. ಐಕ್ಯತೆಯ ಸಂಕೇತವಂತೆ! ಎಲ್ಲ ಯಂತ್ರಗಳಿಗೂ ಸೇರಿಸಿ ನಲವತ್ತು ಮೊಳದ ಸೇವಂತಿಗೆ ಹಾರ ಸುತ್ತಿಸಿ, ಬಾಡಬಾರದೆಂದು ಕೊಡಗಟ್ಟಲೆ ನೀರು ಚಿಮುಕಿಸಿದ. ಆಮೇಲೆ ತನ್ನ ಕೈಯಾರೆ ಡಬ್ಬಿಯ ಸಂದುಗೊಂದಿಗೆಲ್ಲ ಹಿಡಿಹಿಡಿ ಗಂಧ ಮೆತ್ತಿ ಕುಂಕುಮ ಇಟ್ಟ. ಒದ್ದೆ ಹಾರ ಡಬ್ಬಿಯಿಂದ ಹಿಡಿದು ಮೈಕ್ ಸೆಟ್ಟಿನವರೆಗೂ ತಾಗಿಕೊಂಡೇ ಇತ್ತು. ಡಬ್ಬಿಗೆ ಇನ್ನೇನು ಬೇಕು?

ಮೊದಲು ಚಟ್ನಿ. ಮಿಕ್ಸಿಯ ಜಾರಿನಿಂದ ಇನ್ನೂರು ಜನಕ್ಕೆ ಬಡಿಸಿದರೂ ಜಾರು ಕಂಠಮಟ್ಟ ತುಂಬಿಯೇ ಇತ್ತು! ಬಕೆಟ್ಟು ಬಂತು, ಹಂಡೆ ಬಂತು, ಚಟ್ನಿ ಮಾತ್ರ ಮುಗಿಯಲಿಲ್ಲ. ತೂಕದ ಯಂತ್ರ ಹತ್ತಿದ ಬ್ಯಾಂಕ್ ಮ್ಯಾನೇಜರು ಎಂಬತ್ತೆಂಟು ಕೇಜಿ ತೂಗಿದರು. ಇಳಿದು ಪಕ್ಕದಲ್ಲಿ ನಿಂತರೂ ಯಂತ್ರ ಎಂಬತ್ತೆಂಟೇ ಎಂದಿತು. ಅತ್ತ ನಂಜರಾಜು ಮೈಕ್ ಹಿಡಿದು, "ಇನ್ನೆರಡೇ ನಿಮಿಷದಲ್ಲಿ ಮುಗಿಸ್ತೀನಿ" ಎಂದ. ಮುಕ್ಕಾಲು ಗಂಟೆಯ ನಂತರವೂ ಇನ್ನೆರಡೇ ನಿಮಿಷ ಬಾಕಿಯಿತ್ತು!

"ಹಾರ ಕತ್ತರಿಸ್ರೋ!" ಎಂದು ವನಮಾಲಾ ಪಿ.ಟಿ. ಗಂಟಲಲ್ಲಿ ಕೂಗಿದರು. ಶ್ರೀಕಂಠ ಕತ್ತರಿಸಿದ. ಭಾಷಣ ಅರ್ಧ ವಾಕ್ಯಕ್ಕೇ ನಿಂತಿತು. ಜನ ಚಪ್ಪಾಳೆ ಹೊಡೆದರು.

ಆದರೆ ಬಿಸಿಲಿಗೆ ಒಣಗಿದ ಗಂಧ ಸಿಮೆಂಟಾಗಿತ್ತು. ಟಿವಿ ಗೇಮು, ಡಬ್ಬಿ, ಕ್ಯಾಸೆಟ್ಟು ಮೂರೂ ಒಂದಾಗಿ ಕೂತಿದ್ದವು. ಶ್ರೀಕಂಠ ಹಲ್ಲು ಕಚ್ಚಿ ಎಳೆದ. ಅವನ ಅಂಗಿಯ ಗುಂಡಿ ಕಿತ್ತುಬಂತೇ ಹೊರತು ಡಬ್ಬಿ ಬರಲಿಲ್ಲ. ಡಬ್ಬಿಯ ಸ್ವಿಚ್ಚು ಆರಿಸಿದ. ತನ್ನ ಸೆಲ್ಲಿನ ಕರೆಂಟನ್ನೂ ಕಮ್ಮಿಯಾಗಲು ಬಿಡದ ಅದರ ದೀಪ ಉರಿಯುತ್ತಲೇ ಇತ್ತು. ಬಡಾವಣೆಯಲ್ಲಿ ಇದ್ದದ್ದು ಅದೊಂದೇ ಟಿವಿ ಗೇಮು.

"ಸ್ಪರ್ಧೆ ಇದ್ರಲ್ಲೇ!" ಎಂದ ನಂಜರಾಜು. "ಮೊದಲು ಮೇಡಂ."

ವನಮಾಲಾ ಸೆರಗು ಸಿಕ್ಕಿಸಿದರು. ಸ್ಕೂಟರ್ ಚಕ್ರಗಳಿಗೆಂದು ತಂದಿದ್ದ ನಿಂಬೆಹಣ್ಣುಗಳಲ್ಲಿ ಮೂರನ್ನು ಆರಿಸಿ ಕಾಲ ಬಳಿ ಇಟ್ಟುಕೊಂಡರು.

"ಇದು ಯಾಕೆ ಅತ್ಗೆ?"

"ಲೈಫು. ಯಂತ್ರಕ್ಕೆ ಲೆಕ್ಕ ಬರದಿದ್ರೆ ನನಗೆ ಬರಲ್ವಾ?"

ನಾಲ್ಕನೇ ಕೋಟೆಯಲ್ಲಿ ಕೋತಿ ಬಾವಿಗೆ ಬಿತ್ತು. ಪರದೆ ಮೂರು ಎಂದಿತು. ವನಮಾಲಾ ಕಾಲಿನಲ್ಲಿ ಒಂದು ನಿಂಬೆಹಣ್ಣನ್ನು ಪಚಕ್ಕೆಂದು ತುಳಿದರು. ಏಳನೆಯದರಲ್ಲಿ ಇನ್ನೊಂದು. ಆಮೇಲೆ ಎಂಟನೇ ಕೋಟೆ! ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕಾಣದ ಬಾಗಿಲು ಐದೇ ಹೆಜ್ಜೆ ದೂರದಲ್ಲಿತ್ತು. ಅವರು ಒಂದು ಕ್ಷಣ ಮೊದಲೇ ಗುಂಡಿ ಒತ್ತಿದರು. ಕೋತಿ ಜಿಗಿಯಿತು. ಬಾವಿ.

"ಆಡಿ ಮೇಡಂ, ಇನ್ನೂ ಮೂರಿದೆ!" ಎಂದು ಅಂಗಳವೆಲ್ಲ ಅರಚಿತು. ಕೋತಿ ಬಾಗಿಲೆದುರು ಎದ್ದು ನಿಂತು ಕಾಯುತ್ತಿತ್ತು. ವನಮಾಲಾಗೆ ಅಳು ಉಕ್ಕಿ ಬಂತು. ಬಾಗಿಲನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಕೊನೆಯ ನಿಂಬೆಹಣ್ಣನ್ನು ತುಳಿದು ಎದ್ದು ನಿಂತರು.

"ನಾನು ಸತ್ತೆ! ಅದನ್ನ ಇಲ್ಲ ಅನ್ನೋಕೆ ಈ ಡಬ್ಬಿ ಯಾರು?"

"ಎದ್ರು! ಎದ್ರು!" ನಂಜರಾಜು ಕುಣಿದಾಡಿದ. "ಪರದೆ ಮೇಲೆ ಮೂರಿದೆ. ಎದ್ದವರು ಸೋತಂತೆ!"

"ಪರದೆ ಲೆಕ್ಕವೇ ಲೆಕ್ಕ ಅಂತೀರಾ?"

"ಹೌದು!"

"ನಿಮಗೂ?"

"ನನಗೂ!"

"ಹಾಗಾದ್ರೆ ಕೂತ್ಕೊಳ್ಳಿ."

ನಂಜರಾಜು ಹೊಸದಾಗಿ ಶುರುಮಾಡಿದ. ಮೊದಲನೇ ಕೋಟೆಯ ಮೊದಲನೇ ಬಾವಿಗೇ ಕೋತಿಯನ್ನು ಕೆಡವಿದ. ಲೈಫು ಮೂರು. ಮತ್ತೆ ಕೆಡವಿದ. ಮೂರು. ಇಪ್ಪತ್ತನೇ ಸಲಕ್ಕೆ ಜನಕ್ಕೆ ವಿಷಯ ಹೊಳೆಯಿತು. ಅರವತ್ತನೇ ಸಲಕ್ಕೆ ಅವನಿಗೂ ಹೊಳೆಯಿತು. ಆ ಬಾವಿ ದಾಟುವುದು ಅವನಿಂದಾಗದು. ಲೈಫು ಮುಗಿಯದು. ಎದ್ದರೆ ಅವನೂ ಸೋತಂತೆ. ಇಬ್ಬರೂ ಎದ್ದವರೇ ಆದರೆ ಎಂಟನೇ ಕೋಟೆ ಮುಟ್ಟಿದವರೇ ಮುಂದೆ, ಅವನ ವಯಸ್ಸಿನ ನಿಯಮ ಕಸದ ಬುಟ್ಟಿಗೆ!

ಹಾಗಾಗಿ ಅವನು ಏಳಲಿಲ್ಲ. ಮಾರನೆಯ ದಿನ ಜಂಬೂಸವಾರಿ ಮುಗಿಸಿಕೊಂಡು ಜನ ವಾಪಸ್ಸು ಬಂದಾಗಲೂ ಕುರ್ಚಿಯಲ್ಲೇ ಇದ್ದ; ಹೆಂಡತಿ ಅಲ್ಲಿಗೇ ಇಡ್ಲಿ, ಹಂಡೆಯ ಚಟ್ನಿ ತಂದುಕೊಡುತ್ತಿದ್ದಳು. ಶ್ರೀಕಂಠ ಸ್ಕ್ರೂಡ್ರೈವರ್ ಹಿಡಿದು ಹೊರಟ.

"ಗಂಧ ಕೆತ್ತಿ ತೆಗೀತೀನಿ ಅತ್ಗೆ. ಪಾಪ, ಸಾಯ್ಲಿ ಬಿಡಿ."

"ಮುಟ್ಟಿದ್ರೆ ನೋಡು! ಗೆರೆ ಎಳೆದೋರು ಅವರೇ, ನಿಯಮ ಬರೆದೋರೂ ಅವರೇ, ಗಂಧ ಮೆತ್ತಿದೋರೂ ಅವರೇ. ಹೋಗಿ ಅವರ ಹೆಸರನ್ನ ಭಜನೆ ಸ್ಪರ್ಧೆಗೆ ಬರೆಸಿ ಬಾ."

"ಅದು ಅರವತ್ತು ದಾಟಿದೋರಿಗೆ ಅತ್ಗೆ! ಅವರಿಗಿನ್ನೂ ಐವತ್ತೆಂಟು!"

ವನಮಾಲಾ ಕಿಟಕಿಯಾಚೆ, ಎದುರಿನ ಸಂಘದ ಅಂಗಳದ ಟಿವಿಯತ್ತ ನೋಡಿದರು. ಕೋತಿ ಮತ್ತೆ ಬಾವಿಗೆ ಬಿತ್ತು.

"ಬರೆಸು. ಆ ಬಾವಿ ದಾಟೋ ಹೊತ್ತಿಗೆ ಅರವತ್ತಾಗಿರುತ್ತೆ."