ನಡುಮನೆಯಲ್ಲಿ ಬಿಡಿಸಿದ ಅಡುಗೆಮನೆ

ನನ್ನ ಸೊಸೆಗೆ ತಲೆ ಸರಿಯಿಲ್ಲವೆಂದು ನಾನು ಈವರೆಗೆ ಯಾರೆದುರಿಗೂ ಬಾಯಿಬಿಟ್ಟು ಹೇಳಿಲ್ಲ. ಬರೆದರೆ ಹೇಳಿದಂತಾಗುವುದಿಲ್ಲ ಎಂಬ ನಂಬಿಕೆಯಿಂದ ಈಗ ಬರೆಯುತ್ತಿದ್ದೇನೆ. ಆಕೆ ಧಾರವಾಡದ ಕಡೆಯವಳು. ನಮ್ಮ ಮನೆಗೆ ಬಂದಂದಿನಿಂದ ನನಗೆ ಮಾಡಿರುವ ಅಪಚಾರಗಳಲ್ಲಿ ಬಹುಪಾಲನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಆದರೆ ಅಡುಗೆಮನೆಯನ್ನು ಒಡೆಸಿ ಕಟ್ಟಿಸಿದ ಆ ಎರಡು ತಿಂಗಳಲ್ಲಿ ನಡೆದದ್ದನ್ನು ಮಾತ್ರ ಹಾಗೆ ನುಂಗಲು ಸಾಧ್ಯವಿಲ್ಲ. ನ್ಯಾಯ ಯಾರ ಕಡೆಗಿದೆಯೆಂದು ಓದುಗರೇ ತೀರ್ಮಾನಿಸಲಿ.

ಮೊದಲು ಕಾರಣ ಹೇಳಬೇಕು. ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ನಿಂತು ಅಡುಗೆ ಮಾಡಿದ್ದಳು. ಈಚೆಗೆ ಅವಳ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ನೋಟ ಸುತ್ತಲಿಂದಲೂ ಕಿರಿದಾಗುತ್ತ ಬಂದಿತ್ತು. ಹೋದದ್ದು ಮರಳುವುದಿಲ್ಲ, ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು ಎಂದು ವೈದ್ಯರು ಹೇಳಿದ್ದರು. ಒಂದು ದಿನ ಕಿಟಕಿಯ ಗಾಳಿಗೆ ಒಲೆಯ ಉರಿ ವಾಲಿ ಅವಳ ಸೆರಗಿನ ಅಂಚು ಸುಟ್ಟಿತು. ಅದು ಅವಳಿಗೆ ಕಾಣಲಿಲ್ಲ, ವಾಸನೆಯಿಂದ ತಿಳಿಯಿತು. ಅಂದೇ ನಾನು, ಅಡುಗೆಯವಳೊಬ್ಬಳನ್ನು ಗೊತ್ತುಮಾಡೋಣ, ಇನ್ನು ನೀನು ಒಲೆಯ ಹತ್ತಿರ ಹೋಗಬೇಡ ಎಂದೆ. ನನ್ನ ಹೆಂಡತಿ ಸುಟ್ಟ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಒಲೆಯ ಕಡೆಗೇ ತಿರುಗಿದಳು. ಮೂರನೆಯ ದಿನ, ಆಫೀಸಿನಿಂದ ಬಂದ ಸೊಸೆ ಚಪ್ಪಲಿ ಬಿಡುತ್ತಲೇ ತೀರ್ಪು ಕೊಟ್ಟಳು.

"ಮಾವಾರ, ಅಡಗಿ ಮಾಡಾವ್ರನ್ನ ಬದಲಿ ಮಾಡೂದು ಬ್ಯಾಡ್ರಿ. ಅಡಗಿಮನೀನ ಬದಲಿ ಮಾಡೂಣು."

"ಹಳೇದಾದ್ರೆ ಅವಳ ಕೈಗೆ ರೂಢಿಯಾಗಿದೆಯಮ್ಮ. ಹೊಸದರಲ್ಲಿ ಯಾವುದು ಎಲ್ಲಿದೆ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು?"

"ಅದಕ್ಕ ಮೊದಲ ರೂಢಿ ಮಾಡಸೂಣು, ಆಮ್ಯಾಲೆ ಕಟ್ಟಸೂಣು."

ಇನ್ನೂ ಕಟ್ಟದ ಅಡುಗೆಮನೆಯನ್ನು ರೂಢಿ ಮಾಡಿಸುವುದು ಹೇಗೆ? ತಲೆ ಸರಿಯಿರುವವರು ಆಡುವ ಮಾತೇ ಇದು? ನಾನು ಮಗನ ಮುಖ ನೋಡಿದೆ. ಅವನು ಪೇಪರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ಮದುವೆಯಾದ ಮೇಲೆ ಅವನು ಕೊಟ್ಟಿರುವ ಅಭಿಪ್ರಾಯಗಳೆಲ್ಲ ಈ ಬಗೆಯವೇ.

ಒಡೆಸುವುದು ಖಚಿತವಾದ ಮೇಲೆ, ಕೆಲಸವಾದರೂ ಕ್ರಮವಾಗಿ ನಡೆಯಲೆಂದು ನಾನೇ ಮುಂದಾದೆ. ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದವನು ನಾನು. ನನ್ನ ಗೆರೆ ಕೂದಲೆಳೆಯಷ್ಟು ತಪ್ಪಿದರೂ ಎರಡು ಬಿಡಿಭಾಗಗಳು ಒಂದಕ್ಕೊಂದು ಕೂರುತ್ತಿರಲಿಲ್ಲ, ಎಲ್ಲವೂ ಕೂತಿವೆ. ಆರು ದಿನ ಶ್ರಮಪಟ್ಟು, ಪ್ರತಿಯೊಂದು ಗೂಡನ್ನೂ ಅಳೆದು, ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಎಂದು ಮೂರು ನೋಟಗಳ ನಕ್ಷೆಯನ್ನು ಸಿದ್ಧಪಡಿಸಿದೆ. ಸೊಸೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಭಾಳ ಚಂದ ತೆಗದೀರಿ, ಮಾವಾರ. ಇದರಾಗ ಅತ್ತಿ ಎಲ್ಲಿ ನಿಂದರತಾರ್ರಿ?"

"ನಕ್ಷೇಲಿ ಮನುಷ್ಯರನ್ನ ಬರೆಯೋದಿಲ್ಲಮ್ಮ."

"ಹೌದ್ರಿ?" ಎಂದಳು. ಅಷ್ಟೇ. ಮರುದಿನ ಆ ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಮಾರ್ಕೆಟ್ ರಸ್ತೆಗೆ ಕೊಂಡೊಯ್ದಳು. ಒಂದು ಮಗ್ಗುಲಲ್ಲಿ ನನ್ನ ಸಹಿ. ಇನ್ನೊಂದು ಮಗ್ಗುಲಲ್ಲಿ ಬೀನ್ಸ್, ಅರ್ಧ ಕೆಜಿ.

ಆ ಭಾನುವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನಡುಮನೆಯ ಸೋಫಾ ವರಾಂಡ ಸೇರಿತ್ತು. ಕೆಂಪು ಗಾರೆಯ ನೆಲದ ನಟ್ಟನಡುವೆ ನನ್ನ ಹೆಂಡತಿಯನ್ನು ನಿಲ್ಲಿಸಿ, ಸೊಸೆ ರಂಗೋಲಿ ಪುಡಿಯ ಡಬ್ಬಿ ಹಿಡಿದು ಅವಳ ಸುತ್ತ ಬಗ್ಗಿ ಬಗ್ಗಿ ಸುತ್ತುತ್ತಿದ್ದಳು. "ಕೈ ಚಾಚ್ರಿ ಅತ್ತಿ" ಎನ್ನುವಳು. ಬೆರಳ ತುದಿ ಎಲ್ಲಿಗೆ ಬಂತೋ ಅಲ್ಲಿಗೊಂದು ಗೆರೆ. "ಎರಡ ಹೆಜ್ಜಿ ಬಲಕ್ಕ ಬರ್ರಿ" ಎನ್ನುವಳು. ಪಾದ ಎಲ್ಲಿ ನಿಂತಿತೋ ಅಲ್ಲಿ ಪಾತ್ರೆ ತೊಳೆಯುವ ತೊಟ್ಟಿ. ಹೀಗೆ ಇಡೀ ಅಡುಗೆಮನೆ ನೆಲದ ಮೇಲೆ ಬಿಳಿಗೆರೆಗಳಲ್ಲಿ ಎದ್ದಿತು. ಅಳತೆಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಯಾರೂ ಕೇಳಲಿಲ್ಲ. ಕೆಂಪು ನೆಲದ ಮೇಲೆ ಆ ಬಿಳಿಗೆರೆ ನನ್ನ ಹೆಂಡತಿಗೂ ಕಾಣುತ್ತಿತ್ತು ಎಂಬುದನ್ನು, ಪಕ್ಷಪಾತದ ಆರೋಪ ಬರಬಾರದೆಂದು, ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಒಂಬತ್ತು ದಿನ ನಾವೆಲ್ಲ ಆ ರಂಗೋಲಿಯೊಳಗೆ ಸಂಸಾರ ಮಾಡಿದೆವು. ಗೆರೆ ತುಳಿಯುವಂತಿಲ್ಲ, ಅದು ಗೋಡೆ. ಬಾಗಿಲೆಂದು ಬಿಟ್ಟ ಜಾಗದಿಂದಲೇ ಹೋಗಿಬರಬೇಕು. ಇದರ ಉಸ್ತುವಾರಿಗೆ ಆರು ವರ್ಷದ ಮೊಮ್ಮಗಳು ನೇಮಕವಾದಳು. ಇಪ್ಪತ್ತು ವರ್ಷದಿಂದ ಒಂದೇ ಸ್ಥಳದಲ್ಲಿರುವ ನನ್ನ ಆರಾಮಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದೆ.

"ತಾತ, ನೀನು ಫ್ರಿಜ್ಜೊಳಗೆ ಕೂತಿದೀಯ."

"ನಾನು ಮೊದಲಿಂದ್ಲೂ ಇಲ್ಲೇ ಕೂರೋದು ಪುಟ್ಟಿ."

"ಹಾಗಾದ್ರೆ ಬಾಗಿಲು ಹಾಕ್ಕೋ. ಕರೆಂಟ್ ವೇಸ್ಟ್ ಆಗ್ತಿದೆ."

ಇದು ಮನೆಯೊಳಗಿನ ಮಾತು, ಬಿಡಿ. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕೃಷ್ಣರಾಜಪುರದಿಂದ ಎರಡು ಬಸ್ಸು ಬದಲಾಯಿಸಿ ನನ್ನನ್ನು ನೋಡಲು ಬಂದರು. ಪಾಪ, ನೇರವಾಗಿ ನನ್ನ ಕಡೆಗೆ ನಡೆದುಬಂದರು.

"ಕಾಕಾರ, ಗ್ವಾಡಿ ಹಾದು ಬಂದ್ರಲ್ರೀ" ಎಂದಳು ಸೊಸೆ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ. "ಹೊಳ್ಳಿ ಹೋಗಿ ಬಾಗಲದಾಗಿಂದ ಬರ್ರಿ."

ಕಾರ್ಖಾನೆಯಲ್ಲಿ ಮುನ್ನೂರು ಜನರನ್ನು ನಡುಗಿಸಿದ್ದ ಆ ಮನುಷ್ಯ ಹಿಂದಕ್ಕೆ ಹೋಗಿ, ಇಲ್ಲದ ಹೊಸ್ತಿಲನ್ನು ದಾಟಿ, ತಲೆ ತಗ್ಗಿಸಿ ಒಳಗೆ ಬಂದರು. ತಲೆ ತಗ್ಗಿಸಿದ್ದೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಹೊರಡುವಾಗ ಗೇಟಿನ ಬಳಿ ನನ್ನ ಕೈ ಹಿಡಿದುಕೊಂಡು, "ಮನೇಲಿ ಎಲ್ಲಾ ಚೆನ್ನಾಗಿದಾರೆ ತಾನೆ ಸಾರ್?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಆ ದನಿಯನ್ನು ನಾನು ಮರೆತಿಲ್ಲ.

ನನ್ನ ಹೆಂಡತಿ ಮಾತ್ರ ದಿನವೂ ಬೆಳಿಗ್ಗೆ, ಸಾಯಂಕಾಲ ಖಾಲಿ ಪಾತ್ರೆ ಹಿಡಿದು ಆ ಗೆರೆಗಳ ನಡುವೆ ಓಡಾಡಿದಳು. ಮೊದಲ ದಿನ ನಾಲ್ಕು ಕಡೆ ಗೋಡೆ ಅಳಿಸಿದಳು. ಐದನೆಯ ದಿನ ಒಂದು ಕಡೆ. ಒಂಬತ್ತನೆಯ ದಿನ, ಕೆಳಗೆ ನೋಡದೆಯೇ ಒಲೆಯಿಂದ ತೊಟ್ಟಿಗೆ ತಿರುಗಿ, ಅಲ್ಲಿಂದ ಮರಳಿ, ಖಾಲಿ ಪಾತ್ರೆಯಲ್ಲಿ ಸೌಟು ಆಡಿಸಿದಳು. ನಾನು ಪೇಪರಿನ ಮರೆಯಿಂದ ನೋಡಿದೆ. ಫ್ರಿಜ್ಜೊಳಗಿಂದ ಚೆನ್ನಾಗಿಯೇ ಕಾಣುತ್ತಿತ್ತು.

ಆಮೇಲೆ ನಿಜವಾದ ಒಡೆತ ಆರಂಭವಾಯಿತು. ಅಡುಗೆ ವರಾಂಡಕ್ಕೆ ಬಂತು, ಪಾತ್ರೆಗಳು ಬಚ್ಚಲುಮನೆಗೆ ಹೋದವು. ನಾನು ಟವೆಲ್ ಹೆಗಲಿಗೆ ಹಾಕಿ ಸ್ನಾನಕ್ಕೆ ಹೋದರೆ ಕುಕ್ಕರು ಮೊದಲೇ ಅಲ್ಲಿ ಮೀಯುತ್ತಿತ್ತು. ಉಪ್ಪಿಟ್ಟಿನಲ್ಲಿ ರವೆ ಎಷ್ಟು, ಗೋಡೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಿತ್ತು. ಮೂರು ವರ್ಷದ ಮೊಮ್ಮಗ ತನ್ನ ಹಾಲಿನ ಲೋಟದಲ್ಲಿ ಮರಳು ಕಲಸಿ ನನ್ನ ಷೂ ಒಳಗೆ ಗಾರೆ ಹಾಕಿದ. ಯಾರೂ ಅವನನ್ನು ಗದರಲಿಲ್ಲ. ಕೆಲಸ ನೀಟಾಗಿದೆಯೆಂದು ಮೇಸ್ತ್ರಿ ಹೊಗಳಿದ.

ಈ ಮೇಸ್ತ್ರಿ ಹಲಸೂರಿನವನು. ಒಂದು ಸಂಜೆ ನನ್ನ ಬಳಿ ಬಂದು ತಲೆಯ ವಸ್ತ್ರ ಬಿಚ್ಚಿ ನಿಂತ.

"ಸಾರ್, ಎಲ್ಲಾರ ಮನೇಲೂ ಕಟ್ಟೆ ಒಂದೇ ಹೈಟು ಸಾರ್. ಇವತ್ತು ಕಟ್ಟಿ ಮುಗಿಸಿದ್ರೆ, ನಿಮ್ಮ ಸೊಸೆಯಮ್ಮ ಬಂದು ಎರಡು ಬೆರಳು ಜಾಸ್ತಿಯಾಗಿದೆ, ಒಡಿ ಅಂತಾರೆ. ಅತ್ತೆ ಮೊಣಕೈ ಮೇಲೆ ಹೋಗುತ್ತಂತೆ. ನೀವೊಂದು ಮಾತು ಹೇಳಿ ಸಾರ್."

"ನಾನು ಬರೆದ ನಕ್ಷೆ ನೋಡಿದೀಯಾ?"

"ನೋಡ್ದೆ ಸಾರ್. ಬೀನ್ಸ್ ಅರ್ಧ ಕೆಜಿ ಅಂತಿತ್ತು."

ಕಟ್ಟೆಯನ್ನು ಎರಡು ಬೆರಳು ಒಡೆದು ಇಳಿಸಲಾಯಿತು. ಅಂತೂ ಕೆಲಸ ಮುಗಿದು, ಭಾನುವಾರ ಬೆಳಿಗ್ಗೆ ಹಾಲುಕ್ಕಿಸುವುದೆಂದು ನಿಶ್ಚಯವಾಯಿತು. ಆ ಶನಿವಾರ ಮಧ್ಯಾಹ್ನ ನಿದ್ದೆಯಿಂದ ಎದ್ದು ನೀರು ಕುಡಿಯಲು ಹೋದವನು ಹೊಸ ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಸೊಸೆ ಒಬ್ಬಳೇ ಒಳಗಿದ್ದಳು. ಕಣ್ಣಿಗೆ ಟವೆಲ್ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಒಲೆಯ ಮುಂದೆ ನಿಂತು ಕೈ ಚಾಚಿದಳು, ಹುಡುಕಿದ್ದು ಸಿಗಲಿಲ್ಲ. ಬಲಕ್ಕೆ ತಿರುಗಿದಳು. ಮೇಲಿನ ಕಪಾಟಿನ ಬಾಗಿಲು ತೆರೆದಿತ್ತು. ಅದರ ಅಂಚು ಹಣೆಗೆ ಸರಿಯಾಗಿ ಬಡಿಯಿತು. ಟವೆಲ್ ಬಿಚ್ಚಲಿಲ್ಲ. ಹಣೆ ಉಜ್ಜಿಕೊಂಡು, ಬಾಗಿಲಿನವರೆಗೆ ಬಂದು, ಮತ್ತೆ ಮೊದಲಿನಿಂದ ನಡೆದಳು. ನಾನು ಕೆಮ್ಮಿದೆ.

"ಮಾವಾರ ಏನ್ರಿ? ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಹೇಳಬ್ಯಾಡ್ರಿ ಮತ್ತ."

ನಾನು ಹೇಳಲಿಲ್ಲ. ಮೂರನೆಯ ಸಲಕ್ಕೆ ಸಿಕ್ಕಿತು. ಅದನ್ನು ಒಂದು ಗೇಣು ಈಚೆಗೆ ಸರಿಸಿಟ್ಟು, ಮತ್ತೊಮ್ಮೆ ನಡೆದು ಬಂದು ಹುಡುಕಿದಳು. ನಾನು ನೀರು ಕುಡಿಯದೆಯೇ ಹಿಂತಿರುಗಿದೆ.

ಮರುದಿನ ನನ್ನ ಹೆಂಡತಿ ತಾನೇ ಒಲೆ ಹಚ್ಚಿದಳು. ಹಿಂದೆ ನಿಂತ ನಾನು ಎರಡು ಸಲ ಕೈ ಮುಂದೆ ಮಾಡಿದೆ; ಎರಡು ಸಲವೂ ಬೇಕಾಗಲಿಲ್ಲ. ಹಾಲಿನ ಸದ್ದು ಬದಲಾದದ್ದನ್ನು ಕೇಳಿಯೇ ಉರಿ ತಗ್ಗಿಸಿದಳು. ಆಮೇಲೆ ಎರಡು ಹೆಜ್ಜೆ ಬಲಕ್ಕೆ ಸರಿದು, ಕುಂಕುಮದ ಬಟ್ಟಲು ತೆಗೆದುಕೊಂಡು ಸೊಸೆಯನ್ನು ಹತ್ತಿರ ಕರೆದಳು. ಹಣೆಗೆ ಇಟ್ಟ ಬೆರಳು ಅಲ್ಲಿಯೇ ನಿಂತಿತು.

"ಇದೇನೇ, ಹಣೆ ಊದಿದೆ?"

"ಏನಿಲ್ರಿ ಅತ್ತಿ. ಬಸ್ಸಿನ್ಯಾಗ ಕಂಬಿ ಬಡೀತು."

"ಬಸ್ಸಲ್ಲೂ ಕಪಾಟು ಇಟ್ಟಿದಾರಾ?" ನನ್ನ ಹೆಂಡತಿ ತನ್ನ ಮುಂದಲೆಯ ಕೂದಲನ್ನು ಸರಿಸಿ ತೋರಿಸಿದಳು. "ನಿನ್ನೆ ಸಾಯಂಕಾಲ ನೀವೆಲ್ಲ ಅಂಗಡಿಗೆ ಹೋದಾಗ ನಂಗೂ ಅಲ್ಲೇ ಬಡೀತು. ಒಂದ್ಸಲ ನಡೆದು ನೋಡೋಣ ಅಂತ ಬಂದಿದ್ದೆ."

ಸೊಸೆ ಕೈಯೆತ್ತಿ ಅತ್ತೆಯ ಹಣೆ ಮುಟ್ಟಿದಳು. ಇಬ್ಬರೂ ಒಬ್ಬರ ಬಾವನ್ನು ಒಬ್ಬರು ಬೆರಳಿಂದ ಅಳೆಯುತ್ತ, ಯಾರದು ದೊಡ್ಡದೆಂದು ವಾದಿಸುತ್ತ ನಗತೊಡಗಿದರು. ಒಲೆಯ ಮೇಲೆ ಹಾಲು ಇದೆಯೆಂಬುದು ಇಬ್ಬರಿಗೂ ನೆನಪಿದ್ದಂತಿರಲಿಲ್ಲ.

ನಾನು ಕೋಣೆಗೆ ಹೋಗಿ ಸ್ಕ್ರೂಡ್ರೈವರ್ ತಂದೆ. ಯಾರೂ ಕೇಳಿರಲಿಲ್ಲ. ಕುರ್ಚಿ ಹತ್ತಿ, ನಾಲ್ಕು ತಿರುಪು ಬಿಚ್ಚಿ, ಹಿಂದಿನ ದಿನವಷ್ಟೇ ಪಾಲಿಶ್ ಮಾಡಿದ್ದ ಆ ಕಪಾಟಿನ ಬಾಗಿಲನ್ನು ಕಳಚಿ ಅಟ್ಟಕ್ಕೆ ಹಾಕಿದೆ.

ಇಂದಿಗೂ ಆ ಕಪಾಟಿಗೆ ಬಾಗಿಲಿಲ್ಲ. ಬಂದವರು ನೋಡಿ, ಕೆಲಸ ಇನ್ನೂ ಬಾಕಿಯಿದೆಯೇ ಎಂದು ಕೇಳುತ್ತಾರೆ. ಇಲ್ಲ, ಮುಗಿದಿದೆ ಎನ್ನುತ್ತೇನೆ.